ಮಾಯಾಬಜಾರ್ ಚಿತ್ರವು ಏಕೆ ಹಳತಾಗಲಿಲ್ಲ

ಮಕ್ಕಳಿಗೂ ಮುದುಕರಿಗೂ ಒಂದೇ ಪಂಕ್ತಿಯಲ್ಲಿ ಬಡಿಸಿ ಇಬ್ಬರನ್ನೂ ತೃಪ್ತಿಪಡಿಸುವುದು ಅಡಿಗೆಯವರಿಗೆ ಎಷ್ಟು ಕಷ್ಟವೋ ಚಲಚ್ಚಿತ್ರವನ್ನು ಮಾಡುವವರಿಗೂ ಅಷ್ಟೇ ಕಷ್ಟವು. ಮಕ್ಕಳಿಗೆಂದು ಮಾಡಿದುದು ಹಿರಿಯರಿಗೆ ಸಪ್ಪೆಯಾಗುತ್ತದೆ. ಹಿರಿಯರಿಗೆಂದು ಮಾಡಿದುದನ್ನು ಮಕ್ಕಳ ಮುಂದೆ ಇಡಲು ಅನೇಕ ವೇಳೆ ಸಂಕೋಚವಾಗುತ್ತದೆ. ಹೀಗಿರುವಲ್ಲಿ ೧೯೫೭ನೆಯ ಇಸವಿ ಮಾರ್ಚಿ ತಿಂಗಳಲ್ಲಿ ತೆರೆಯ ಮೇಲೆ ಬಂದ ಒಂದು ಚಿತ್ರವು ಅಜ್ಜಿ, ತಾಯಿ, ಮೊಮ್ಮಗಳು ಈ ಮೂರು ತಲೆಗಳನ್ನು ಇಂದಿಗೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿ ನಗಿಸುತ್ತಿರುವುದು ಸೋಜಿಗವಲ್ಲವೆ? ವಿಜಯಾ ಪ್ರೊಡಕ್ಷನ್ಸ್ ಸಂಸ್ಥೆಯವರ "ಮಾಯಾಬಜಾರ್" ಎಂಬುದೇ ಆ ಚಿತ್ರವು. ಅದರ ಆಕರ್ಷಣೆಯು ಇಷ್ಟು ಕಾಲ ಉಳಿದು ಬಂದುದಕ್ಕೆ ಕಾರಣವೇನೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ಸ್ವಲ್ಪ ವಿಚಾರಿಸಿ ನೋಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೂಲದಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ತಯಾರಾದ ಚಿತ್ರಕ್ಕೆ ಕನ್ನಡ ಸಂಚಿಕೆಯಲ್ಲಿ ಸ್ಥಳವೇಕೆಂದು ಯಾರಾದರೂ ಕೇಳಬಹುದು. ನಮ್ಮ ದಾಖಲೆ ಪುಸ್ತಕದಲ್ಲಿ ಮಾತೃಭಾಷೆಯೆಂಬ ಅಂಕಣವನ್ನು ಓದಿದವರು ಹಾಗೆ ಕೇಳಲಾರರು. ಹೆಬ್ಬಾಳ, ಯಲಹಂಕಗಳನ್ನು ದಾಟಿ ಉತ್ತರಕ್ಕೆ ಹೋಗುವ ಬಳ್ಳಾರಿ ರಸ್ತೆಯು ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ಮೇಲೆ ತೆಲುಗು ಸೀಮೆಯನ್ನು ಸೇರುತ್ತದೆ. ಒಲೆಯ ಮುಂದೆ ತೆಲುಗನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುವ ಮನೆಗಳು ಈ ರಸ್ತೆಯ ಇಕ್ಕೆಲಗಳಲ್ಲಿ ತಲೆತಲಾಂತರದಿಂದ ಇವೆ. ಅಲ್ಲದೆ ಈ ಚಿತ್ರವು ಮುಂದೆ ಕನ್ನಡದ ಮಾತನ್ನೂ ಹಾಡನ್ನೂ ಪಡೆಯಿತು. ಅದರ ಮದುವೆಯೂಟದ ಹಾಡು ಕನ್ನಡದ್ದೇ ಎಂದು ನಂಬಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಕಥೆಯಂತೂ ನಮಗೆ ಹೊಸದಲ್ಲ. ಯಕ್ಷಗಾನದವರು ಇದೇ ವೃತ್ತಾಂತವನ್ನು "ಕನಕಾಂಗಿ ಕಲ್ಯಾಣ"ವೆಂಬ ಪ್ರಸಂಗವಾಗಿ ಆಡುತ್ತಾರೆ. ಬಲರಾಮನ ಮಗಳು ಅಲ್ಲಿ ಕನಕಾಂಗಿ, ತೆಲುಗು ಚಿತ್ರದಲ್ಲಿ ಶಶಿರೇಖೆ, ತಮಿಳಿನಲ್ಲಿ ವತ್ಸಲೆ. ವ್ಯಾಸಭಾರತದಲ್ಲಿ ಹುಡುಕಿದರೆ ಈ ಹುಡುಗಿಯ ಮದುವೆಯೇ ಸಿಕ್ಕುವುದಿಲ್ಲ. ಅಲ್ಲಿ ಅಭಿಮನ್ಯುವಿನ ಹೆಂಡತಿ ವಿರಾಟನ ಮಗಳಾದ ಉತ್ತರೆ. ಹೀಗೆ ಪುರಾಣದಲ್ಲಿಲ್ಲದ ಮದುವೆಯೊಂದನ್ನು ಜನರೇ ಕಲ್ಪಿಸಿ, ಸೀಮೆಗೊಂದು ಹೆಸರಿಟ್ಟು ಸಾಕಿಕೊಂಡಿದ್ದಾರೆ. ತೆಲುಗಿನ ಸುರಭಿ ನಾಟಕ ಮಂಡಳಿಗಳು ಅದನ್ನು ರಂಗದ ಮೇಲೆ ಮೆರೆಸಿದವು; ವಿಜಯಾ ಸಂಸ್ಥೆಯವರಿಗಿಂತ ಮೊದಲೇ, ೧೯೩೬ರಲ್ಲಿ, ತೆಲುಗಿನಲ್ಲಿ ಇದೇ ಕಥೆಯ ವಾಕ್ಚಿತ್ರವೊಂದು ಬಂದಿತ್ತು.

೧೯೫೭ರ ಚಿತ್ರದ ನಿರ್ಮಾಪಕರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬವರು, ನಿರ್ದೇಶಕರು ಕೆ. ವಿ. ರೆಡ್ಡಿಯವರು, ಮಾತು ಮತ್ತು ಹಾಡುಗಳನ್ನು ತೆಲುಗಿನಲ್ಲಿ ಬರೆದವರು ಪಿಂಗಳಿ ನಾಗೇಂದ್ರರಾಯರು. ಕೃಷ್ಣನ ವೇಷದಲ್ಲಿ ಎನ್. ಟಿ. ರಾಮರಾಯರು, ಘಟೋತ್ಕಚನಾಗಿ ಎಸ್. ವಿ. ರಂಗರಾಯರು, ಶಶಿರೇಖೆಯಾಗಿ ಸಾವಿತ್ರಿಯವರು ಎರಡು ಭಾಷೆಗಳಲ್ಲಿಯೂ ನಟಿಸಿದರು. ಅಭಿಮನ್ಯುವಿನ ಪಾತ್ರವನ್ನು ಮಾತ್ರ ತೆಲುಗಿನಲ್ಲಿ ನಾಗೇಶ್ವರರಾಯರೂ ತಮಿಳಿನಲ್ಲಿ ಜೆಮಿನಿ ಗಣೇಶನ್‌ರವರೂ ವಹಿಸಿದರು.

ಕಥೆಯನ್ನು ಮರೆತವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಬಲರಾಮನು ತನ್ನ ಮಗಳು ಶಶಿರೇಖೆಯನ್ನು ತಂಗಿ ಸುಭದ್ರೆಯ ಮಗನಾದ ಅಭಿಮನ್ಯುವಿಗೆ ಕೊಡುವುದಾಗಿ ಮಾತು ಕೊಟ್ಟಿರುತ್ತಾನೆ. ಮಕ್ಕಳಿಬ್ಬರೂ ಅದನ್ನು ನಂಬಿಯೇ ಬೆಳೆಯುತ್ತಾರೆ. ಅಷ್ಟರಲ್ಲಿ ಪಾಂಡವರು ಜೂಜಿನಲ್ಲಿ ಸರ್ವಸ್ವವನ್ನೂ ಸೋತು ಕಾಡಿಗೆ ಹೋಗುತ್ತಾರೆ. ಸುಭದ್ರೆಯು ಮಗನೊಡನೆ ಅಣ್ಣನ ಮನೆಗೆ ಬರುತ್ತಾಳೆ. ಇತ್ತ ದುರ್ಯೋಧನನು ತನ್ನ ಮಗ ಲಕ್ಷ್ಮಣಕುಮಾರನಿಗೆ ಅದೇ ಹುಡುಗಿಯನ್ನು ಕೇಳುತ್ತಾನೆ. ಐಶ್ವರ್ಯವನ್ನು ಕಂಡ ಅತ್ತಿಗೆ ರೇವತಿಯ ಮನಸ್ಸು ತಿರುಗುತ್ತದೆ, ಬಲರಾಮನು ಒಪ್ಪುತ್ತಾನೆ, ಸುಭದ್ರೆಯು ಅಪಮಾನದಿಂದ ಮಗನನ್ನು ಕರೆದುಕೊಂಡು ಹೊರಡುತ್ತಾಳೆ. ಕಾಡಿನ ದಾರಿಯಲ್ಲಿ ಘಟೋತ್ಕಚನು ಎದುರಾಗುತ್ತಾನೆ. ಅಲ್ಲಿಂದ ಮುಂದೆ ಕೃಷ್ಣನ ಯುಕ್ತಿ ಮತ್ತು ರಾಕ್ಷಸರ ಮಾಯೆ.

ಈ ಸಂಗ್ರಹದಲ್ಲಿ ಮಾಯೆಯ ಮಾತು ಕಡೆಯ ವಾಕ್ಯದಲ್ಲಿ ಮಾತ್ರ ಬಂದಿತೆಂಬುದನ್ನು ಗಮನಿಸಬೇಕು. ಅದಕ್ಕೆ ಮೊದಲು ನಡೆದುದೆಲ್ಲವೂ ನಮ್ಮ ನಿಮ್ಮ ಮನೆಗಳ ಸಂಗತಿ. ಗಂಡನ ಮನೆಗೆ ಕಷ್ಟ ಬಂದಾಗ ಹೆಣ್ಣುಮಗಳು ತವರಿಗೆ ಬರುತ್ತಾಳೆ. ಅಣ್ಣನು ಕೆಟ್ಟವನಲ್ಲ, ತಂಗಿಯ ಮೇಲೆ ಅವನಿಗೆ ಪ್ರೀತಿಯುಂಟು. ಆದರೂ ಅವಳಿಗೆ ಕೊಟ್ಟ ಮಾತು ಮೆಲ್ಲಮೆಲ್ಲನೆ ಹಗುರವಾಗುತ್ತದೆ. ನಿನ್ನೆಯ ತನಕ ಗೌರವದಿಂದ ನಡೆದುಕೊಂಡ ಅತ್ತಿಗೆಯ ಧ್ವನಿಯಲ್ಲಿ ಇಂದು ಬೇರೆ ಏನೋ ಕೇಳುತ್ತದೆ. ಇದನ್ನು ಅನುಭವಿಸಿದ ತಾಯಂದಿರು ನಮ್ಮ ಪೋಷಕರ ಕೂಟದಲ್ಲಿ ಎಷ್ಟು ಜನರಿಲ್ಲ! ಸೋದರಿಕೆಯ ವಿವಾಹಗಳನ್ನು ಈಗಿನ ವೈದ್ಯರು ಒಪ್ಪುವುದಿಲ್ಲವೆಂಬುದು ಬೇರೆ ಮಾತು. ಕೊಟ್ಟ ಮಾತನ್ನು ಬಡತನ ನೋಡಿ ಹಿಂದಕ್ಕೆ ತೆಗೆದುಕೊಳ್ಳುವ ನೋವು ಎಲ್ಲಿದ್ದರೂ ಒಂದೇ. ಇಷ್ಟೆಲ್ಲ ಪಾಂಡವರ ಸೋಲಿನಿಂದಲೇ ಹುಟ್ಟಿದರೂ ಐವರಲ್ಲಿ ಒಬ್ಬರನ್ನೂ ಚಿತ್ರದಲ್ಲಿ ತೋರಿಸಿಲ್ಲ. ಯುದ್ಧಭೂಮಿಯ ಭಾರತವನ್ನು ಬದಿಗಿರಿಸಿ ಹಜಾರದಲ್ಲಿಯೂ ಅಡಿಗೆಮನೆಯ ಬಾಗಿಲಲ್ಲಿಯೂ ನಡೆಯುವ ಭಾರತವನ್ನು ಹೇಳಿದುದೇ ಕೆ. ವಿ. ರೆಡ್ಡಿಯವರ ಜಾಣ್ಮೆಯೆಂದು ನನಗೆ ತೋರುತ್ತದೆ.

ಇನ್ನು ಮಾಯೆಯ ವಿಚಾರ. ಬೆರಗು ಹುಟ್ಟಿಸುವ ಯುಕ್ತಿಗಳು ಎಷ್ಟೋ ಪೌರಾಣಿಕ ಚಿತ್ರಗಳಲ್ಲಿ ಇದ್ದವು. ಅವುಗಳಲ್ಲಿ ಹೆಚ್ಚಿನವನ್ನು ಇಂದಿನ ಮಕ್ಕಳು ನೋಡಿ ನಗುತ್ತಾರೆ. ಮಾಯಾಬಜಾರಿನ ಮಾಯೆಯು ಉಳಿದುದೇಕೆಂದರೆ, ಅದು ಮನುಷ್ಯರ ಮನಸ್ಸಿನಲ್ಲಿ ಅಡಗಿದ್ದುದನ್ನು ಹೊರಕ್ಕೆ ತೆಗೆಯುತ್ತದೆ. ಶಶಿರೇಖೆಯ ಹುಟ್ಟುಹಬ್ಬಕ್ಕೆ ಕೃಷ್ಣನು ಕೊಡುವ ಪ್ರಿಯದರ್ಶಿನಿಯೆಂಬ ಪೆಟ್ಟಿಗೆಯನ್ನು ನೆನಪಿಗೆ ತಂದುಕೊಳ್ಳಿರಿ. ಅದನ್ನು ತೆರೆದವರಿಗೆ ಅವರವರಿಗೆ ಅತ್ಯಂತ ಪ್ರಿಯವಾದುದು ಕಾಣುತ್ತದೆ. ಹುಡುಗಿಗೆ ಅಭಿಮನ್ಯು ಕಾಣುತ್ತಾನೆ. ತಾಯಿ ರೇವತಿಗೆ ಒಡವೆ ವಸ್ತುಗಳು ಕಾಣುತ್ತವೆ. ಬಲರಾಮನಿಗೆ ತನ್ನ ಮೆಚ್ಚಿನ ಶಿಷ್ಯನಾದ ದುರ್ಯೋಧನನು ಕಾಣುತ್ತಾನೆ. ಮುಂದೆ ಆ ಮನೆಯಲ್ಲಿ ನಡೆಯಲಿರುವ ಸಮಸ್ತವನ್ನೂ ಎರಡು ನಿಮಿಷಗಳ ಒಂದು ಆಟದಲ್ಲಿ ನೋಡುವವರ ಕೈಗೆ ಕೊಟ್ಟುಬಿಟ್ಟಂತಾಯಿತು. ಮಗುವಿಗೆ ಅದು ಚಿತ್ರ ತೋರಿಸುವ ಪೆಟ್ಟಿಗೆ. ಪಕ್ಕದಲ್ಲಿ ಕುಳಿತ ತಾಯಿಗೆ ಅದು ಬೇರೆಯೇ. ಚಿತ್ರದ ಕೊನೆಗೆ ಬರುವ ಸತ್ಯಪೀಠವೂ ಇದೇ ಜಾತಿಯದು. ಅದರ ಮೇಲೆ ನಿಂತವನು ಸುಳ್ಳಾಡಲಾರನು. ಸಭೆಯ ನಡುವೆ ಶಕುನಿಯು ತನ್ನ ಪಕ್ಷದವರ ಕಪಟವನ್ನು ತನ್ನ ಬಾಯಿಂದಲೇ ಆಡಿ ಮುಗಿಸುತ್ತಾನೆ.

ಅಮೆರಿಕೆಯವರು ೧೯೩೯ರಲ್ಲಿ ತಯಾರಿಸಿದ "ದಿ ವಿಝರ್ಡ್ ಆಫ್ ಆಝ್" ಎಂಬ ಹಾಡುಗಳ ಚಿತ್ರದಲ್ಲಿಯೂ ಇಂಥದೇ ಒಂದು ಗುಣವಿದೆ. ಅಲ್ಲಿ ಮಿದುಳು ಬೇಕೆಂಬ ಬೆದರುಗೊಂಬೆಯೇ ಎಲ್ಲರಿಗಿಂತ ಚೆನ್ನಾಗಿ ಯೋಚಿಸುತ್ತದೆ; ಹೃದಯ ಬೇಕೆಂಬ ತಗಡಿನ ಮನುಷ್ಯನೇ ಕಣ್ಣೀರು ಸುರಿಸುತ್ತಾನೆ; ಮಹಾಮಾಂತ್ರಿಕನು ಪರದೆಯ ಹಿಂದೆ ನಿಂತ ಬರಿಯ ಮನುಷ್ಯನಾಗಿರುತ್ತಾನೆ. ಆ ಚಿತ್ರವು ೧೯೫೬ರಿಂದ ಅಲ್ಲಿಯ ಟೆಲಿವಿಷನ್ನಿನಲ್ಲಿ ಮತ್ತೆ ಮತ್ತೆ ಬಂದು ಮನೆಮನೆಯ ಸ್ವತ್ತಾಯಿತು. ನಮ್ಮ ಕಡೆಯ ಮಾಯಾಬಜಾರಿಗೂ ಟೆಲಿವಿಷನ್ನು ಹಾಗೆಯೇ ಎರಡನೆಯ ಆಯುಸ್ಸನ್ನು ಕೊಟ್ಟಿತು. ಆದರೆ ಪದೇ ಪದೇ ತೋರಿಸಿದ ಮಾತ್ರಕ್ಕೆ ಯಾವುದೂ ಪ್ರಿಯವಾಗುವುದಿಲ್ಲ. ಜಾಹಿರಾತುಗಳೂ ಪದೇ ಪದೇ ಬರುತ್ತವಷ್ಟೆ.

ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಮಾಡುವವಳಾದುದರಿಂದ ನಾನು ಈ ಚಿತ್ರದಲ್ಲಿ ಬಹಳ ಆಸಕ್ತಿಯಿಂದ ನೋಡುವ ಭಾಗವು ಇನ್ನೊಂದಿದೆ. ಶಶಿರೇಖೆಯ ಮದುವೆಯ ವಿಷಯದಲ್ಲಿ ತಂದೆ, ತಾಯಿ, ಬೀಗರು, ಪುರೋಹಿತರು ಎಲ್ಲರೂ ಮಾತನಾಡುತ್ತಾರೆ. ಅವಳ ಕಣ್ಣೀರನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಘಟೋತ್ಕಚನು ನಿದ್ರಿಸುತ್ತಿರುವ ಅವಳನ್ನು ಮಂಚದೊಡನೆಯೇ ಎತ್ತಿಕೊಂಡು ಹೋಗಿ, ತಾನೇ ಅವಳ ರೂಪವನ್ನು ತಾಳಿ ಅರಮನೆಯಲ್ಲಿ ನಿಲ್ಲುತ್ತಾನೆ. ಆ ಮೇಲೆ ನೋಡಬೇಕು! ಅದೇ ಸೀರೆ, ಅದೇ ಮುಖ. ಆದರೆ ನಡಿಗೆಯಲ್ಲಿ ರಾಕ್ಷಸನ ಭಾರ, ಹುಬ್ಬಿನಲ್ಲಿ ರಾಕ್ಷಸನ ಗತ್ತು. ಯಾರಾದರೂ ಎದುರಾದರೆ ತಟ್ಟನೆ ನಾಚಿಕೆಯ ಸೋಗು. ಈ ಎರಡನ್ನೂ ಸಾವಿತ್ರಿಯವರು ಒಂದೇ ದೇಹದಲ್ಲಿ ಆಡಿ ತೋರಿಸಿದ್ದಾರೆ. ತನ್ನ ಮದುವೆಯೆಂದು ಈ ಕಪಟ ಶಶಿರೇಖೆಯು ಹಾಡಿ ಕುಣಿಯುವ ಹಾಡಿನಲ್ಲಿ ಪಿ. ಸುಶೀಲಾರವರ ಕೋಮಲ ಕಂಠದ ನಡುವೆ ಘಂಟಸಾಲರವರ ಗಂಡುಧ್ವನಿಯು ಇಣಿಕಿ ನೋಡಿ ಮರೆಯಾಗುತ್ತದೆ. ಅದನ್ನು ಕೇಳಿ ನಗದ ಮಗುವನ್ನು ನಾನು ಕಂಡಿಲ್ಲ. ಮದುವೆಯ ಮಂಟಪದಲ್ಲಿ ಪಾಪ, ಲಕ್ಷ್ಮಣಕುಮಾರನ ಪಾಡು ಹೇಳತೀರದು. ಆ ಪಾತ್ರದಲ್ಲಿ ರೇಲಂಗಿಯವರು ಹೆದರುವುದನ್ನೇ ಒಂದು ವಿದ್ಯೆಯನ್ನಾಗಿ ಮಾಡಿದ್ದಾರೆ.

ನಗು ಆರಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಅರಮನೆಯಲ್ಲಿ ಹುಡುಗಿಯೊಬ್ಬಳು ಒಲ್ಲೆನೆಂದು ಹೇಳಿ ನಿಭಾಯಿಸಬೇಕಾದರೆ ಅವಳ ಒಳಗೆ ರಾಕ್ಷಸನೊಬ್ಬನು ಸೇರಬೇಕಾಯಿತೆ? ನಿಜವಾದ ಶಶಿರೇಖೆಯು ತನ್ನ ಬಿಡುಗಡೆಯ ಹೊತ್ತಿನಲ್ಲಿ ನಿದ್ರಿಸುತ್ತಿದ್ದಳೆಂಬುದು ನನಗೆ ಎಂದೂ ಪೂರ್ತಿಯಾಗಿ ಸಮಾಧಾನ ಕೊಟ್ಟಿಲ್ಲ. ಹತ್ತನೆಯ ತರಗತಿಯ ಹುಡುಗಿಯರು ಈ ಮಾತನ್ನು ನನಗಿಂತ ಕಟುವಾಗಿ ಆಡುತ್ತಾರೆ. ಆದರೂ ಅವರೇ ಮತ್ತೊಮ್ಮೆ ನೋಡಬೇಕೆನ್ನುತ್ತಾರೆ. ಏಕೆಂದರೆ ನಾಚಿಕೆಯ ಮುಖದ ಹಿಂದೆ ಅಷ್ಟು ಬಲವನ್ನು ಅಡಗಿಸಿಟ್ಟ ಹುಡುಗಿಯ ರೂಪವನ್ನು ಅವರು ಬೇರೆ ಎಲ್ಲಿ ಕಂಡಾರು?

ಕೈಚಳಕದ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಛಾಯಾಗ್ರಾಹಕರಾದ ಮಾರ್ಕಸ್ ಬಾರ್ಟ್ಲಿಯವರಲ್ಲಿ ಇಂದಿನ ಗಣಕಯಂತ್ರಗಳಿರಲಿಲ್ಲ. ದ್ವಾರಕೆಯನ್ನು ತೋರಿಸುವುದಕ್ಕಾಗಿ ಮದರಾಸಿನ ಸ್ಟುಡಿಯೋವಿನಲ್ಲಿ ಸುಮಾರು ೫೦ ಅಡಿಗೆ ೬೦ ಅಡಿಗಳ ಸ್ಥಳದಲ್ಲಿ ಮುನ್ನೂರರಷ್ಟು ಪುಟ್ಟ ಮನೆಗಳನ್ನು ಕಟ್ಟಿ ದೀಪಗಳನ್ನು ಹಾಕಿದ್ದರು. ದೋಣಿಯ ಹಾಡಿನ ಬೆಳುದಿಂಗಳೂ ಅವರು ಯುಕ್ತಿಯಿಂದ ಸೃಷ್ಟಿಸಿದ ಬೆಳುದಿಂಗಳೇ. ಘಟೋತ್ಕಚನು ಬೀಗರಿಗಾಗಿ ಮಾಡಿಟ್ಟ ಭಕ್ಷ್ಯಗಳನ್ನೆಲ್ಲ ಒಬ್ಬನೇ ಕುಳಿತು ಮುಗಿಸುವ ಹಾಡಿನಲ್ಲಿ ಲಾಡುಗಳು ತಾವಾಗಿಯೇ ಹಾರಿ ಬಾಯಿಗೆ ಬೀಳುತ್ತವೆ. ಮಾಧವಪೆದ್ದಿ ಸತ್ಯಂರವರ ಕಂಠದ ಆ ಹಾಡಿನ ನಗೆಯ ಧಾಟಿಯು ಚಾರ್ಲ್ಸ್ ಪೆನ್ರೋಸ್ ಎಂಬ ಆಂಗ್ಲೇಯನು ೧೯೨೦ರ ದಶಕದಲ್ಲಿ ಗ್ರಾಮಫೋನಿಗೆ ಹಾಡಿದ ನಗುವ ಪೋಲೀಸಿನವನ ಹಾಡಿಗೆ ಸಂಬಂಧವುಳ್ಳದ್ದೆಂದು ಹೇಳುವುದುಂಟು. ಬಿಲಾಯತಿಯ ನಗೆಯಾದರೇನು, ಎಲೆಯ ಮೇಲೆ ಬಿದ್ದುದು ನಮ್ಮ ಹಪ್ಪಳ ಸಂಡಿಗೆಗಳೇ.

ಭಾಷೆಯ ಅಧ್ಯಾಪಕಿಯರು ಮೆಚ್ಚಬೇಕಾದ ಅಂಶವೊಂದು ಉಳಿದಿದೆ. ಪಿಂಗಳಿಯವರು ರಾಕ್ಷಸರ ಬಾಯಲ್ಲಿ ನಿಘಂಟುವಿನಲ್ಲಿಲ್ಲದ ಶಬ್ದಗಳನ್ನು ಇಟ್ಟಿದ್ದಾರೆ. ಕಂಬಳಿಗೆ ಜೊತೆಯಾಗಿ ಗಿಂಬಳಿ, ತಲ್ಪಕ್ಕೆ ಜೊತೆಯಾಗಿ ಗಿಲ್ಪ ಎಂಬಂಥವು ಅವು. ಯಾರೂ ಹುಟ್ಟಿಸದಿದ್ದರೆ ಮಾತುಗಳು ಎಲ್ಲಿಂದ ಬಂದಾವೆಂಬ ಅಭಿಪ್ರಾಯವನ್ನು ಘಟೋತ್ಕಚನಿಂದ ಹೇಳಿಸಿರುವುದು ತೆಲುಗರಲ್ಲಿ ಗಾದೆಯಂತೆಯೇ ಆಗಿದೆ. ಪುಸ್ತಕ ಗಿಸ್ತಕ, ಊಟ ಗೀಟ ಎಂದು ನಾವು ಕನ್ನಡದಲ್ಲಿ ದಿನವೂ ಆಡುವವರಾದುದರಿಂದ ನಮ್ಮ ಮಕ್ಕಳಿಗೆ ಈ ವಿನೋದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶರ್ಮ, ಶಾಸ್ತ್ರಿ ಎಂಬ ಇಬ್ಬರು ಪುರೋಹಿತರ ಹಾಸ್ಯವು ಮಾತ್ರ ಸ್ವಲ್ಪ ಉದ್ದವಾಯಿತೆಂದು ನನ್ನ ಮತ.

ಕೆ. ವಿ. ರೆಡ್ಡಿಯವರ ಕೆಲಸವು ಕನ್ನಡಕ್ಕೆ ನೇರವಾಗಿಯೂ ಬಂದುದುಂಟು. ೧೯೬೫ರಲ್ಲಿ ಅವರು ನಿರ್ಮಾಪಕರಾಗಿ, ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಕರಾಗಿ, ರಾಜಕುಮಾರರು ನಾಯಕರಾಗಿ "ಸತ್ಯ ಹರಿಶ್ಚಂದ್ರ"ವು ಬಂದಿತು. ಘಂಟಸಾಲರವರು ಅದರಲ್ಲಿ ಕನ್ನಡದಲ್ಲಿಯೇ ಹಾಡಿದರು. ಆ ಚಿತ್ರಕ್ಕೆ ೨೦೦೮ರಲ್ಲಿಯೂ ತೆಲುಗು ಮಾಯಾಬಜಾರಿಗೆ ೨೦೧೦ರಲ್ಲಿಯೂ ಬಣ್ಣವನ್ನು ಹಚ್ಚಿ ಪುನಃ ಬಿಡುಗಡೆ ಮಾಡಿದರು. ೨೦೧೩ರಲ್ಲಿ ಸಿಎನ್‌ಎನ್-ಐಬಿಎನ್ ವಾರ್ತಾವಾಹಿನಿಯವರು ನಡೆಸಿದ ಜನಮತದಲ್ಲಿ ಭಾರತದ ಅತ್ಯುತ್ತಮ ಚಿತ್ರವೆಂಬ ಸ್ಥಾನವು ಮಾಯಾಬಜಾರಿಗೆ ದೊರೆಯಿತು. ಬಣ್ಣದ ಪ್ರತಿಯನ್ನು ಚಿಕ್ಕ ಮಕ್ಕಳು ಇಷ್ಟಪಡುತ್ತಾರೆ. ಬೇಡವೆನ್ನಲು ನನಗೆ ಮನಸ್ಸಿಲ್ಲ. ಆದರೆ ಬಾರ್ಟ್ಲಿಯವರ ಬೆಳುದಿಂಗಳನ್ನು ಕಪ್ಪು ಬಿಳುಪಿನಲ್ಲಿಯೇ ನೋಡಬೇಕು.

ಬರುವ ರಜೆಯಲ್ಲಿ ಇದನ್ನು ಮಕ್ಕಳಿಗೆ ತೋರಿಸಬೇಕೆಂದಿರುವ ಪೋಷಕರಿಗೆ ಒಂದು ಸೂಚನೆ. ಚಿತ್ರವು ಮೂರು ಗಂಟೆಗಳಿಗಿಂತ ಹೆಚ್ಚಿನದು. ಚಿಕ್ಕವರಿದ್ದರೆ ಎರಡು ಸಂಜೆಗಳಲ್ಲಿ ನೋಡಿರಿ. ಸುಭದ್ರೆಯು ಅಣ್ಣನ ಮನೆಯನ್ನು ಬಿಟ್ಟು ಕಾಡಿಗೆ ಬಂದು ಘಟೋತ್ಕಚನ ಪರಿಚಯವಾಗುವ ತನಕ ಮೊದಲನೆಯ ದಿನಕ್ಕೆ ಸಾಕು. ಎರಡನೆಯ ದಿನ ಮಾತ್ರ ಊಟ ಮುಗಿಸಿಯೇ ಕುಳಿತುಕೊಳ್ಳಿರಿ; ಹಸಿದ ಹೊಟ್ಟೆಯಲ್ಲಿ ಆ ಲಾಡುಗಳನ್ನು ನೋಡಿದ ಮಕ್ಕಳನ್ನು ಸಮಾಧಾನಪಡಿಸುವುದು ಕಷ್ಟ.