ಅರ್ಧಕ್ಕೆ ಬಿಟ್ಟ ಹತ್ತನೆಯ ತರಗತಿ: ಈಗಲೂ ಮುಗಿಸಬಹುದು



ತಳಿ, ಗೊಬ್ಬರ, ರೋಗಗಳ ಬಗ್ಗೆ ಬರೆಯುವ ಈ ಪುಟದಲ್ಲಿ ಶಾಲೆಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಯಾವ ಊರಿಗೆ ಹೋದರೂ ಎಂಟು, ಒಂಬತ್ತಕ್ಕೇ ಶಾಲೆ ಬಿಟ್ಟವರು ಸಿಗುತ್ತಾರೆ. ಗಣಿತವೋ ಇಂಗ್ಲಿಷೋ ಒಂದರಲ್ಲಿ ನಪಾಸಾಗಿ ಮತ್ತೆ ಅತ್ತ ತಿರುಗಿ ನೋಡದವರೂ ಸಿಗುತ್ತಾರೆ. ಇವರಲ್ಲಿ ದಡ್ಡರು ಯಾರೂ ಇಲ್ಲ. ಅಪ್ಪನಿಗೆ ಕಾಯಿಲೆಯಾಯಿತು, ದನ ಕಾಯುವವರಿರಲಿಲ್ಲ, ಹೆಣ್ಣುಮಗಳಿಗೆ ಬೇಗ ಮದುವೆಯಾಯಿತು. ಇಂಥ ಕಾರಣಗಳಿಂದ ನಿಂತ ಓದು ಅದು. "ನಮ್ಮ ಕಾಲ ಮುಗಿಯಿತು ಸಾರ್" ಎಂದು ಅವರು ಹೇಳುತ್ತಾರೆ. ಮುಗಿದಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಲು ವಯಸ್ಸಿನ ಮೇಲ್ಮಿತಿ ಇಲ್ಲ.

ಈ ವಯಸ್ಸಿನಲ್ಲಿ ಏನು ಪ್ರಯೋಜನ?

ಪ್ರಯೋಜನವನ್ನು ಲೆಕ್ಕ ಹಾಕಿಯೇ ನೋಡೋಣ. ಗೊಬ್ಬರ, ಕೀಟನಾಶಕದ ಅಂಗಡಿ ನಡೆಸುವವರಿಗಾಗಿ ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ಸಂಸ್ಥೆ 'ಮ್ಯಾನೇಜ್' 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಅದಕ್ಕೆ ಸೇರಲು ಹತ್ತನೆಯ ತರಗತಿ ಪಾಸಾಗಿರಬೇಕು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಬೇರೆ ಪರೀಕ್ಷೆ ಇಲ್ಲ, ಹತ್ತನೆಯ ತರಗತಿಯ ಅಂಕಗಳೇ ಆಧಾರ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ 10 ಲಕ್ಷ ರೂಪಾಯಿಗೆ ಮೀರಿದ ತಯಾರಿಕಾ ಘಟಕ ಹಾಕಬೇಕಾದರೆ ಎಂಟನೆಯ ತರಗತಿಯಾದರೂ ಪಾಸಾಗಿರಬೇಕು. ಊರಿನಲ್ಲೇ ಇದ್ದು, ಜಮೀನು ನೋಡಿಕೊಂಡು ಮಾಡಬಹುದಾದ ಕೆಲಸಗಳಿವು. ಒಂದು ಅಂಕಪಟ್ಟಿ ಇಲ್ಲವೆಂಬ ಕಾರಣಕ್ಕೆ ಇವು ಕೈತಪ್ಪಬಾರದು.

ಎರಡು ದಾರಿಗಳು

ಮೊದಲನೆಯದು ನಮ್ಮ ರಾಜ್ಯದ ದಾರಿ. 1966ರಲ್ಲಿ ಸ್ಥಾಪನೆಯಾದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ 2022ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಯಿತು. ಶಾಲೆಗೆ ಹೋಗದವರು ಖಾಸಗಿ ಅಭ್ಯರ್ಥಿಯಾಗಿ ಇಲ್ಲಿ ಎಸ್.ಎಸ್.ಎಲ್.ಸಿ. ಬರೆಯಬಹುದು. ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಇದರ ವಿಷಯಗಳು. ಎಲ್ಲವನ್ನೂ ಕನ್ನಡ ಮಾಧ್ಯಮದಲ್ಲೇ ಬರೆಯಬಹುದು. ಹಿಂದೆ ಒಂದೆರಡು ವಿಷಯಗಳಲ್ಲಿ ಮಾತ್ರ ನಪಾಸಾದವರು ಉಳಿದಿರುವ ವಿಷಯಗಳನ್ನಷ್ಟೇ ಕಟ್ಟಿದರೆ ಸಾಕು. ಆದರೆ ಪಠ್ಯಕ್ರಮ ಬದಲಾಗಿರುವುದರಿಂದ, ಹಲವು ವರ್ಷಗಳ ಹಿಂದೆ ಬರೆದವರು ತಮಗೆ ಯಾವ ಪ್ರಶ್ನೆಪತ್ರಿಕೆ ಅನ್ವಯಿಸುತ್ತದೆ ಎಂಬುದನ್ನು ಹತ್ತಿರದ ಹೈಸ್ಕೂಲಿನ ಮುಖ್ಯೋಪಾಧ್ಯಾಯರಲ್ಲಿ ಮೊದಲೇ ಕೇಳಿ ತಿಳಿಯಬೇಕು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುತ್ತಿದೆ. ಹೀಗಾಗಿ ಒಂದು ವಿಷಯ ಹೋದರೆ ವರ್ಷವಿಡೀ ಕಾಯಬೇಕಾಗಿಲ್ಲ.

ಎರಡನೆಯದು ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿ. 1979ರಲ್ಲಿ ದೆಹಲಿಯಲ್ಲಿ ಸಣ್ಣ ಯೋಜನೆಯಾಗಿ ಆರಂಭವಾದದ್ದು 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಯಿತು. 2002ರಲ್ಲಿ ಈಗಿನ ಹೆಸರು ಬಂದಿತು. ಇಲ್ಲಿ 14 ವರ್ಷ ತುಂಬಿದ ಯಾರೇ ಆಗಲಿ ಹತ್ತನೆಯ ತರಗತಿಗೆ ಸೇರಬಹುದು. ಎಂಟನೆಯ ತರಗತಿಯ ಪ್ರಮಾಣಪತ್ರ ಇಲ್ಲದವರು ಓದು ಮುಂದುವರಿಸುವಷ್ಟು ತಮಗೆ ತಿಳಿದಿದೆ ಎಂದು ತಾವೇ ಬರೆದುಕೊಟ್ಟರೂ ನಡೆಯುತ್ತದೆ. ಭಾಷೆಯೂ ಸೇರಿ ಐದು ವಿಷಯ ಪಾಸಾಗಬೇಕು. ಒಮ್ಮೆ ನೋಂದಾಯಿಸಿದರೆ 5 ವರ್ಷದ ಅವಧಿ, ಅದರೊಳಗೆ 9 ಅವಕಾಶ. ಹೊಲವನ್ನು ಪಟ್ಟೆ ಪಟ್ಟೆಯಾಗಿ ಉಳುವಂತೆ ಒಂದು ಸಲಕ್ಕೆ ಒಂದೋ ಎರಡೋ ವಿಷಯ ಬರೆದು ಮುಗಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಮಾಜಿ ಸೈನಿಕರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ.

ಯಾವುದು ಯಾರಿಗೆ?

ಕನ್ನಡದಲ್ಲೇ ಓದಿ ಬರೆಯಬೇಕು ಎನ್ನುವವರಿಗೆ, ಒಂದೆರಡು ವಿಷಯ ಮಾತ್ರ ಬಾಕಿ ಇರುವವರಿಗೆ ರಾಜ್ಯದ ಎಸ್.ಎಸ್.ಎಲ್.ಸಿ. ಅನುಕೂಲ. ನಿಧಾನವಾಗಿ, ವಿಷಯ ಆರಿಸಿಕೊಂಡು ಓದಬೇಕು ಎನ್ನುವವರಿಗೆ ಮುಕ್ತ ಶಾಲೆ ಅನುಕೂಲ. ಆದರೆ ಮುಕ್ತ ಶಾಲೆಯಲ್ಲಿ ಎಲ್ಲ ವಿಷಯವೂ ಎಲ್ಲ ಭಾಷೆಯಲ್ಲಿ ಇರುವುದಿಲ್ಲ. ನೀವು ಆರಿಸಿದ ವಿಷಯದ ಪುಸ್ತಕ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲು ಕೇಳಿ.

ಇನ್ನೊಂದು ಎಚ್ಚರಿಕೆ. ಸುಲಭವಾಗಲೆಂದು ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವವರಿದ್ದಾರೆ. ಪಾಸೇನೋ ಆಗುತ್ತಾರೆ. ಆದರೆ ಮೇಲೆ ಹೇಳಿದ ಅಂಚೆ ಹುದ್ದೆಗೆ ಗಣಿತ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಸಾಗಿರಬೇಕು, ಸ್ಥಳೀಯ ಭಾಷೆಯನ್ನೂ ಹತ್ತರವರೆಗೆ ಓದಿರಬೇಕು. ಆದ್ದರಿಂದ ಅಂಕಪಟ್ಟಿ ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅನಂತರ ವಿಷಯ ಆರಿಸಿ. ನೆಲ ನೋಡಿ ಬೆಳೆ ಆರಿಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಣಿತಕ್ಕೆ ಹೆದರಬೇಡಿ

15 ಲೀಟರಿನ ಸಿಂಪರಣಾ ಟ್ಯಾಂಕಿಗೆ ಲೀಟರಿಗೆ 2 ಮಿಲಿಯಂತೆ ಎಷ್ಟು ಔಷಧಿ? 30 ಮಿಲಿ ಎಂದು ನೀವು ಬಾಯಲ್ಲೇ ಹೇಳುತ್ತೀರಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಇದು ವಿಸ್ತೀರ್ಣದ ಲೆಕ್ಕ. ಡೇರಿಯಲ್ಲಿ ಹಾಲಿನ ಜಿಡ್ಡಿನ ಅಂಶ ನೋಡುವುದು ಶೇಕಡಾ ಲೆಕ್ಕ. ಸೊಸೈಟಿ ಸಾಲಕ್ಕೆ ಬಡ್ಡಿ ಕಟ್ಟುವುದು ಬಡ್ಡಿ ಲೆಕ್ಕ. ದಿನವೂ ಮಾಡುವುದನ್ನೇ ಕಾಗದದ ಮೇಲೆ ಕ್ರಮವಾಗಿ ಬರೆಯಲು ಕಲಿಯಬೇಕು, ಅಷ್ಟೆ. ನೆರೆಯ ಕೇರಳದ ಹರಿಪಾಡಿನ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದರು. ನಲವತ್ತಕ್ಕೇ ವಯಸ್ಸಾಯಿತು ಎನ್ನುವವರು ಇದನ್ನು ನೆನಪಿಡಬೇಕು.

ಬೇಸಾಯಕ್ಕೆ ಹೊಂದಿಸಿ ಓದಿ

ಎಸ್.ಎಸ್.ಎಲ್.ಸಿ.ಯ ಮೊದಲ ಪರೀಕ್ಷೆ ಮಾರ್ಚ್ ಏಪ್ರಿಲ್‌ನಲ್ಲಿ ಬರುತ್ತದೆ. ರಾಗಿ ಕೊಯ್ದು, ಒಕ್ಕಣೆ ಮುಗಿಸಿದ ಮೇಲೆ ಓದಲು ಒಂದಿಷ್ಟು ಬಿಡುವು ಸಿಗುತ್ತದೆ. ಮುಕ್ತ ಶಾಲೆಯ ಪರೀಕ್ಷೆಗಳು ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಮಾವಿನ ತೋಟದವರಿಗೆ ಬೇಸಿಗೆಯ ಪರೀಕ್ಷೆ ಕಷ್ಟ, ರಾಗಿಯವರಿಗೆ ಕೊಯ್ಲಿನ ಹೊತ್ತಿನದು ಕಷ್ಟ. ನಿಮ್ಮ ಕೆಲಸ ನೋಡಿ ಆರಿಸಿಕೊಳ್ಳಿ.

ರೇಷ್ಮೆ ಸಾಕುವವರು ಇನ್ನೂ ಎಚ್ಚರದಿಂದಿರಬೇಕು. ಚಾಕಿಯಿಂದ ಹಣ್ಣಾಗುವವರೆಗೆ ಸುಮಾರು 25 ದಿನ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಒಟ್ಟು ಸೊಪ್ಪಿನ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ತಿನ್ನುತ್ತದೆ. ಆ ವಾರ ಪುಸ್ತಕ ಮುಟ್ಟಲು ಪುರುಸೊತ್ತು ಇರುವುದಿಲ್ಲ. ಪರೀಕ್ಷೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಪರೀಕ್ಷೆಗೆ ಮುಂಚೆಯೇ ಗೂಡು ಮಾರುಕಟ್ಟೆ ಸೇರುವಂತೆ ಚಾಕಿ ತನ್ನಿ. ಇಲ್ಲವೆ ಆ ಬೆಳೆಯನ್ನೇ ಮುಂದೂಡಿ. ಉಳಿದ ದಿನಗಳಲ್ಲಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಂದು ಗಂಟೆ, ರಾತ್ರಿ ಊಟದ ನಂತರ ಒಂದು ಗಂಟೆ ತಪ್ಪದೆ ಓದಬೇಕು. ಮನೆಯ ಹೆಣ್ಣುಮಕ್ಕಳು ಓದಲು ಕುಳಿತರೆ ಆ ಹೊತ್ತಿನ ಕೊಟ್ಟಿಗೆ ಕೆಲಸ, ಒಲೆಯ ಕೆಲಸ ಗಂಡಸರು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಅವರ ಓದು ಮತ್ತೆ ನಿಂತುಹೋಗುತ್ತದೆ.

ಮೋಸಕ್ಕೆ ಬೀಳಬೇಡಿ

ಪರೀಕ್ಷೆ ಬರೆಯದೆಯೇ ಅಂಕಪಟ್ಟಿ ಕೊಡಿಸುತ್ತೇವೆ ಎನ್ನುವವರಿದ್ದಾರೆ. ಮಾನ್ಯತೆ ಇಲ್ಲದ ಮಂಡಳಿಯ ಅಂಕಪಟ್ಟಿ ಕಾಗದದ ತುಂಡಿಗೆ ಸಮ. ನಕಲಿ ಅಂಕಪಟ್ಟಿ ತೋರಿಸಿ ಕೆಲಸಕ್ಕೆ ಸೇರಿದರೆ ಕೆಲಸವೂ ಹೋಗುತ್ತದೆ, ಮೊಕದ್ದಮೆಯೂ ಬೀಳುತ್ತದೆ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇದೆಯೇ ಎಂದು ನೋಡಿ ಕೊಳ್ಳುವ ನೀವು, ಇಲ್ಲಿಯೂ ಮಂಡಳಿ ಯಾವುದೆಂದು ನೋಡಿ ಹಣ ಕಟ್ಟಬೇಕು. ರಸೀದಿ ಪಡೆಯದೆ ಯಾರ ಕೈಗೂ ದುಡ್ಡು ಕೊಡಬೇಡಿ.

ಈಗ ಮಾಡಬೇಕಾದುದು

1. ಕೊನೆಗೆ ಓದಿದ ಶಾಲೆಗೆ ಹೋಗಿ ವರ್ಗಾವಣೆ ಪತ್ರ, ಹಳೆಯ ಅಂಕಪಟ್ಟಿ ಇದ್ದರೆ ಅದನ್ನೂ ಪಡೆಯಿರಿ.

2. ಹೆಸರು, ಜನ್ಮದಿನಾಂಕ ಆಧಾರ್ ಚೀಟಿಯಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಒಂದೇ ರೀತಿ ಇವೆಯೇ ನೋಡಿ. ಮುಂದೆ ಹತ್ತನೆಯ ತರಗತಿಯ ಅಂಕಪಟ್ಟಿಯೇ ನಿಮ್ಮ ವಯಸ್ಸಿಗೆ ದಾಖಲೆಯಾಗುತ್ತದೆ.

3. ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿಯ ಗಡುವು ಮುಗಿಯುತ್ತದೆ. ಗಡುವನ್ನು ಹತ್ತಿರದ ಹೈಸ್ಕೂಲಿನಲ್ಲಿ ಅಥವಾ ಮಾಗಡಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

4. ಅಕ್ಷರವೇ ಬಾರದ ಹಿರಿಯರು ನೇರವಾಗಿ ಇದಕ್ಕೆ ಕೈಹಾಕಬೇಕಾಗಿಲ್ಲ. 15 ವರ್ಷ ಮೀರಿದವರಿಗಾಗಿ 2022ರಿಂದ 2027ರವರೆಗೆ ಮಂಜೂರಾದ ನವಭಾರತ ಸಾಕ್ಷರತಾ ಕಾರ್ಯಕ್ರಮವಿದೆ. ಅಲ್ಲಿಂದ ಆರಂಭಿಸಲಿ.

5. ಒಬ್ಬರೇ ಓದುವುದಕ್ಕಿಂತ ನಾಲ್ಕೈದು ಮಂದಿ ಸೇರಿ ಓದುವುದು ಮೇಲು. ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇರುವ ಕಡೆ ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಅದರಲ್ಲಿಯೇ ತೆರೆದು ಓದಬಹುದು.

ಈ ಪುಟವನ್ನು ಓದಿ ಮುಗಿಸಿದವರು ತಮಗೆ ಬೇಡವೆನಿಸಿದರೂ, ತಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಒಬ್ಬರಿಗಾದರೂ ಇದನ್ನು ತಿಳಿಸಬೇಕೆಂದು ಕೋರುತ್ತೇನೆ.