ಕಾಲುವೆ ದಂಡೆಯ ಎಲ್‌ಕೆಜಿ

ನಮ್ಮ ಅಕ್ಕನ ಮಗ ಎಲ್‌ಕೆಜಿ ಡ್ರಾಪ್‌ಔಟ್. ಈಗ ಮನೆಯಲ್ಲಿ ಎಲ್ಲರೂ ಹೀಗೆ ಹೇಳಿ ನಗುತ್ತೇವೆ. ಆದರೆ 2024ರ ದಸರಾ ರಜೆ ಮುಗಿದ ಮೇಲೆ 'ಇವನನ್ನ ಇನ್ನ ಆ ಶಾಲೆಗೆ ಕಳಿಸಂಗಿಲ್ಲ' ಎಂದು ಅಕ್ಕ ಹೇಳಿದ ದಿನ ಯಾರೂ ನಕ್ಕಿರಲಿಲ್ಲ. ಕಟ್ಟಿದ ಫೀಸು ವಾಪಸ್ ಬರುವುದಿಲ್ಲ ಎಂದು ಭಾವ, ಓಣಿಯವರು ಏನಂದಾರು ಎಂದು ಅಕ್ಕನ ಅತ್ತೆ, ಹುಡುಗ ದನ ಕಾಯಬೇಕಾಗುತ್ತದೆ ಎಂದು ಅಕ್ಕನ ಮಾವ. ನಾನು ಸುಮ್ಮನೆ ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದೆ. ಬಿ.ಇ. ಓದುವವನು ಎಂಬ ಕಾರಣಕ್ಕೆ ನನ್ನ ಅಭಿಪ್ರಾಯ ಕೇಳಿಯಾರು ಎಂಬ ಭಯವಿತ್ತು.

ಪುಟ್ಟನಿಗೆ ಆಗ ನಾಲ್ಕೂವರೆ ವರ್ಷ. ಅವರ ಮನೆ ಸಿರುಗುಪ್ಪದಲ್ಲಿ, ಭಾವ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮದು ಕುರುಗೋಡು. ನಾನು ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಮೆಕ್ಯಾನಿಕಲ್ ಓದುವವನು. ಶನಿವಾರ ಬಂತೆಂದರೆ ಸಿರುಗುಪ್ಪದ ಬಸ್ಸು ಹತ್ತಿಬಿಡುತ್ತೇನೆ. (ಅಕ್ಕನ ಅಡುಗೆ ಅಮ್ಮನ ಅಡುಗೆಗಿಂತ ಚೆನ್ನಾಗಿರುತ್ತದೆ. ಅಮ್ಮ ಈ ಪುಟ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆದಿದ್ದೇನೆ.)

ಪುಟ್ಟ ಎಡಚ. ಊಟದ ಚಮಚ, ಚೆಂಡು, ಪೆನ್ಸಿಲ್ ಎಲ್ಲವೂ ಎಡಗೈಗೆ. ಶಾಲೆಯಲ್ಲಿ ಪೆನ್ಸಿಲ್ಲನ್ನು ಬಲಗೈಗೆ ಕೊಡುತ್ತಿದ್ದರು. ಎಡಗೈಯಲ್ಲಿ ಹಿಡಿದರೆ ಕೈ ಮೇಲೆ ಸ್ಕೇಲಿನ ಏಟು. ಮನೆಗೆ ಬಂದ ಮೇಲೆ ಒಂದರಿಂದ ಐವತ್ತು ಎರಡು ಸಲ ಬರೆಯುವ ಹೋಂವರ್ಕ್. ಆಗಸ್ಟ್ ಹೊತ್ತಿಗೆ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಮಾತ್ರ ಹೊಟ್ಟೆ ನೋಯುತ್ತಿರಲಿಲ್ಲ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಯಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, 'ಹೊಟ್ಟ್ಯಾಗ ಏನೂ ಇಲ್ಲ, ಶಾಲಿ ಹೆಂಗೈತಿ ವಿಚಾರಿಸ್ರಿ' ಎಂದರು. ಅಕ್ಕ ನಿರ್ಧಾರ ಮಾಡಿದ್ದು ಅಲ್ಲಿಂದ ಹೊರಬರುವಾಗ.

'ಹೋಂಸ್ಕೂಲಿಂಗ್' ಎಂಬ ದೊಡ್ಡ ಹೆಸರು ಇಟ್ಟವನು ನಾನು. ಅಕ್ಕನ ಲೆಕ್ಕ ಸರಳವಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಅದು ಹೇಳುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಬಗ್ಗೆ. ಆರು ತುಂಬಿದ ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದೇ ಕಾಯ್ದೆಯಲ್ಲಿದೆ. ಅಲ್ಲಿಯವರೆಗೆ ಎಲ್‌ಕೆಜಿ, ಯುಕೆಜಿ ಕಡ್ಡಾಯವೇನಲ್ಲ. ಅಂದರೆ ಅವಳ ಕೈಯಲ್ಲಿ ಸುಮಾರು ಒಂದೂವರೆ ವರ್ಷ ಇತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಮಕ್ಕಳು ಆಟದಿಂದಲೇ ಕಲಿಯಬೇಕು ಎನ್ನುತ್ತದೆ. ಇದನ್ನೆಲ್ಲ ಅಕ್ಕ ಬಾಯಿಪಾಠ ಒಪ್ಪಿಸಿದಳು. ಯಾಕೆಂದರೆ ಅವಳು ಡಿ.ಎಡ್. ಮಾಡಿ ಟಿಇಟಿಗೆ ಓದುತ್ತಿದ್ದಳು.

ಮನೆಯವರನ್ನು ಒಪ್ಪಿಸಲು ನಾನೂ ನನ್ನ ಪಾಲಿನ ಒಂದು ಅಸ್ತ್ರ ಬಿಟ್ಟೆ. ಶಿವರಾಮ ಕಾರಂತರು. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಕಲಿಕೆಯ ಪ್ರಯೋಗಗಳನ್ನೇ ಮಾಡಿದವರು. ಅವರ ಸ್ವಂತ ಮಕ್ಕಳೂ ಚಿಕ್ಕಂದಿನಲ್ಲಿ ಶಾಲೆಗೆ ಹೋಗದೆ ಮನೆ, ತೋಟ, ಕಾಡುಗಳಲ್ಲೇ ಕಲಿತರು. ಮಗ ಉಲ್ಲಾಸ ಕಾರಂತ ಮುಂದೆ ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ನನ್ನ ಹಾಗೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ಹುಲಿಗಳ ಬೆನ್ನು ಹತ್ತಿ ಜಗತ್ತೇ ಗುರುತಿಸುವ ವಿಜ್ಞಾನಿಯಾದರು. ಮಗಳು ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು. ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆ.

ಅಕ್ಕನ ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. 'ಕಾರಂತರ ಮನ್ಯಾಗ ಕಾರಂತರಿದ್ರು. ನಮ್ಮನ್ಯಾಗ ಯಾರದಾರಪ್ಪಾ?' ಎಂದರು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಯಲ್ಲಿ ಇದ್ದದ್ದು ಅಕ್ಕ. ಅವಳು ಟೈಮ್‌ಟೇಬಲ್ ಹಾಕಲಿಲ್ಲ. ನಮ್ಮ ಕಡೆ ಬಿಸಿಲೇ ಟೈಮ್‌ಟೇಬಲ್. ಬೆಳಿಗ್ಗೆ ಒಂಬತ್ತರೊಳಗೆ ಹೊರಗಿನ ಆಟ, ಮತ್ತೆ ಸಂಜೆ ಐದರ ಮೇಲೆ. ನಡುವಿನ ಹೊತ್ತು ಅಳಗುಳಿ ಮಣೆ. ಈ ಕಡೆ ಏಳು ಗುಳಿ, ಆ ಕಡೆ ಏಳು ಗುಳಿ, ಹುಣಸೆ ಬೀಜ ಹಂಚುತ್ತಾ ಹೋಗಬೇಕು. ಒಂದರಿಂದ ಐವತ್ತು ಬರೆದು ಅಳುತ್ತಿದ್ದ ಹುಡುಗ, ಅಜ್ಜಿ ಒಂದು ಬೀಜ ಕಡಿಮೆ ಹಾಕಿದರೆ ಜಗಳಕ್ಕೆ ನಿಲ್ಲುವಷ್ಟು ಎಣಿಸಲು ಕಲಿತ. ಅಕ್ಷರ ತಿದ್ದಿದ್ದು ಅಂಗಳದ ಮರಳಿನ ಮೇಲೆ, ಎಡಗೈ ಬೆರಳಲ್ಲೇ.

ಟಿಇಟಿಗೆ ಓದುತ್ತಿರುವವರಿಗೆ ಪಿಯಾಜೆ ಗೊತ್ತು. ಎರಡರಿಂದ ಏಳು ವರ್ಷದ ಮಗುವಿಗೆ ಅಗಲ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೆ ನೀರು ಜಾಸ್ತಿಯಾಯಿತು ಅನ್ನಿಸುತ್ತದೆ ಎಂಬ ಪಾಠ. ಅಕ್ಕ ಅದನ್ನು ಮೂರು ವರ್ಷದಿಂದ ಗೈಡಿನಲ್ಲಿ ಓದುತ್ತಿದ್ದಳು. ಒಂದು ಮಧ್ಯಾಹ್ನ ಮಜ್ಜಿಗೆ ಹಾಕಿಕೊಡುವಾಗ ಪುಟ್ಟ ಉದ್ದ ಲೋಟವೇ ಬೇಕೆಂದು ಹಟ ಹಿಡಿದ. ಅಕ್ಕ ಅವನ ಕಣ್ಣೆದುರೇ ಅಗಲ ಲೋಟದಿಂದ ಅದಕ್ಕೆ ಸುರಿದಳು. 'ಈಗ ಜಾಸ್ತಿ ಆತು' ಎಂದು ಖುಷಿಯಿಂದ ಕುಡಿದ. ಅಕ್ಕ ನನಗೆ ಫೋನ್ ಮಾಡಿ, 'ಗೈಡಿನ್ಯಾಗ ಇದ್ದದ್ದು ಖರೇನೇ ಐತಲ್ಲೋ!' ಎಂದಳು. ನಾನು ಆಗ ಇಂಟರ್ನಲ್ಸ್‌ಗೆ ಪಾಸಿಂಗ್ ಪ್ಯಾಕೇಜ್ ಓದುತ್ತಿದ್ದೆ. ಅದರಲ್ಲಿದ್ದದ್ದು ಖರೆಯೋ ಸುಳ್ಳೋ ನೋಡಬೇಕು ಅಂತ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಹೊರಗಿನ ಪಾಠ ಮಾತ್ರ ನನ್ನ ಡಿಪಾರ್ಟ್‌ಮೆಂಟ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದದ್ದು ನಮ್ಮ ಭಾಗದಲ್ಲಿ ಯಾರಿಗೆ ನೆನಪಿಲ್ಲ? ಭತ್ತದ ಊರಿನಲ್ಲಿ ವಾರವಿಡೀ ಅದೇ ಮಾತು. 33 ಗೇಟುಗಳಲ್ಲಿ ಒಂದು ಹೋದರೆ ಮನೆಮನೆಯಲ್ಲೂ ಯಾಕೆ ಮುಖ ಬಾಡಿದೆ ಎಂಬುದು ಪುಟ್ಟನ ತಲೆಯಲ್ಲಿ ಉಳಿದುಬಿಟ್ಟಿತ್ತು. ಮುಂದಿನ ವರ್ಷ ಗದ್ದೆಗೆ ನೀರು ಬಿಡುವ ಸಣ್ಣ ಕಾಲುವೆಯಲ್ಲಿ, ನನ್ನ ಮೊಣಕಾಲಿಗೂ ಬರದಷ್ಟು ನೀರಿನಲ್ಲಿ, ನಾವಿಬ್ಬರೂ ಡ್ಯಾಮ್ ಕಟ್ಟಿದೆವು. (ದೊಡ್ಡ ಕಾಲುವೆಯ ಹತ್ತಿರ ಹೋಗುವುದಿಲ್ಲ ಎಂದು ಅಕ್ಕನಿಗೆ ಆಣೆ ಮಾಡಿಕೊಟ್ಟಿದ್ದೆ.) ಎರಡೂ ಬದಿ ಮಣ್ಣಿನ ದಿಣ್ಣೆ, ನಡುವೆ ಗೇಟಿಗೆ ಜಾಗ. ಒಂದು ದೊಡ್ಡ ಹಲಗೆ ಇಟ್ಟ. ನೀರು ಕಿತ್ತುಕೊಂಡು ಹೋಯಿತು. ಮತ್ತೆ ಇಟ್ಟ, ಮತ್ತೆ ಹೋಯಿತು. ಆಮೇಲೆ ನಾನು ಕನ್ನಯ್ಯ ನಾಯ್ಡು ಅವರ ಕಥೆ ಹೇಳಿದೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ ಒಂದೇ ವಾರದಲ್ಲಿ ಬಾಯಿ ಮುಚ್ಚಿಸಿದ ಹಿರಿಯ ತಜ್ಞರು ಅವರು. ಪುಟ್ಟ ಎರಡು ಕೋಲು ನೆಟ್ಟ, ಅವುಗಳಿಗೆ ಆನಿಸಿ ಚಪ್ಪಟೆ ಕಲ್ಲುಗಳನ್ನು ಕೆಳಗಿನಿಂದ ಒಂದೊಂದಾಗಿ ಇಟ್ಟ. ನಿಂತಿತು! ಆಮೇಲೆ ಅವನು ಕೇಳಿದ: 'ಮಾಮಾ, ನೀರು ಮ್ಯಾಗಿನ ಕಲ್ಲಿಗಿಂತ ಕೆಳಗಿನ ಕಲ್ಲಿಗೆ ಯಾಕ ಜೋರು ದೂಕತೈತಿ?' ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಆ ಸೂತ್ರವನ್ನು ನಾನು ಬರೆದು ಪಾಸಾಗಿದ್ದೇನೆ. ಆದರೆ ಆ ದೂಕುವಿಕೆಯನ್ನು ಅಂಗೈಯಲ್ಲಿ ನೋಡಿದ್ದು ಅವತ್ತೇ ಮೊದಲು.

ಇನ್ನೊಂದು ಸಾಹಸ ಎರೆಭೂತದ್ದು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಅಳಿವಿನಂಚಿನ ಹಕ್ಕಿ ಕರ್ನಾಟಕದಲ್ಲಿ ಉಳಿದಿರುವುದು ನಮ್ಮ ಸಿರುಗುಪ್ಪ ತಾಲ್ಲೂಕಿನ ಎರೆ ಹೊಲಗಳಲ್ಲಿ. ಭಾವನ ಬೈಕಿನಲ್ಲಿ ಮೂವರೂ ಬೆಳಕು ಹರಿಯುವ ಮುಂಚೆ ಹೋಗಿ ರಸ್ತೆ ಬದಿಯಲ್ಲಿ ಕಾದೆವು. ಎರಡು ನವಿಲು ಕಂಡವು, ಅಷ್ಟೇ. ಪುಟ್ಟ ಮಾತ್ರ ಮನೆಗೆ ಬಂದು ತಾತನಿಗೆ 'ನೋಡಿದೆ, ಆಕಳಿನಷ್ಟು ದೊಡ್ಡದಿತ್ತು' ಎಂದು ಹೇಳಿದ. ಇದನ್ನೂ ಕಲಿಕೆ ಅನ್ನಬಹುದೋ ಏನೋ.

ಇಷ್ಟೇ ಬರೆದು ನಿಲ್ಲಿಸಿದರೆ ಸುಳ್ಳಾಗುತ್ತದೆ.

ಕಾಲುವೆ ಆಟಕ್ಕೆ ಇನ್ನೊಬ್ಬಳು ಬರುತ್ತಿದ್ದಳು. ಮೆಣಸಿನಕಾಯಿ ಬಿಡಿಸಲು ಗುಳೆ ಬಂದವರ ಮಗಳು, ಏಳು ವರ್ಷ ಇರಬಹುದು, ಸೊಂಟದ ಮೇಲೆ ತಮ್ಮ. ಡ್ಯಾಮ್ ಕಟ್ಟುವುದರಲ್ಲಿ ಅವಳು ನಮ್ಮಿಬ್ಬರಿಗಿಂತ ಚುರುಕು. ಯಾವ ಮಣ್ಣು ನಿಲ್ಲುತ್ತದೆ, ಯಾವುದು ಕರಗುತ್ತದೆ ಎಂದು ಮುಟ್ಟಿ ಹೇಳುತ್ತಿದ್ದಳು. ಕಳೆಗಳ ಹೆಸರು, ಹಕ್ಕಿಗಳ ಕೂಗು ಎಲ್ಲ ಗೊತ್ತು. ಬಯಲು, ಆಟ, ಪ್ರಕೃತಿ ಎಂದು ನಾವು ಏನೇನನ್ನು ಪಾಠ ಅನ್ನುತ್ತಿದ್ದೆವೋ ಅದೆಲ್ಲ ಅವಳ ಬಳಿ ನಮಗಿಂತ ಹೆಚ್ಚಿತ್ತು. ಆದರೆ ಅವಳದ್ದನ್ನು ಯಾರೂ ಹೋಂಸ್ಕೂಲಿಂಗ್ ಅನ್ನುವುದಿಲ್ಲ. ಅವಳು ಶಾಲೆ ಬಿಟ್ಟ ಮಗು. ಸಂಜೆ ಮರಳಿನ ಮೇಲೆ ಅಕ್ಕ ಅವಳ ಹೆಸರು ಬರೆದು ತೋರಿಸಿದಳು. ನಾಲ್ಕು ದಿನಕ್ಕೆ ಅವಳೇ ಬರೆಯಲು ಕಲಿತಳು. ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸೋಣ, ನಲಿಕಲಿ ತರಗತಿಯಲ್ಲಿ ಕೂರಿಸುತ್ತಾರೆ ಎಂದು ಅಕ್ಕ ಅವಳ ತಾಯಿಯನ್ನು ಒಪ್ಪಿಸಿದ್ದಳು. ಸೋಮವಾರ ಹೋಗುವುದಿತ್ತು. ಭಾನುವಾರ ಸಂಜೆ ಟ್ರ್ಯಾಕ್ಟರ್ ಬಂತು, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಎಂದು ಎಲ್ಲರೂ ಹತ್ತಿ ಹೋದರು.

ಪುಟ್ಟನಿಗೂ ಒಂದು ಕೊರತೆ ಇತ್ತು. ದೊಡ್ಡವರ ಜತೆಗೇ ಆಡಿ ಅವನಿಗೆ ಸೋಲುವುದು ಗೊತ್ತಾಗಲಿಲ್ಲ. ಅಜ್ಜಿ ಬೇಕೆಂದೇ ಸೋಲುತ್ತಿದ್ದಳಲ್ಲ. ಸರದಿಗೆ ಕಾಯಬೇಕು ಎಂದರೆ ಮಣೆ ಬೋರಲು. ಕೊನೆಗೆ ಅಕ್ಕ ಅವನನ್ನು ಓಣಿಯ ಅಂಗನವಾಡಿಗೆ ಕಳಿಸತೊಡಗಿದಳು. ಅಲ್ಲಿ ಯಾರೂ ಕೈ ಬದಲಿಸಲಿಲ್ಲ, ಹೋಂವರ್ಕ್ ಕೊಡಲಿಲ್ಲ. ಹಾಡು, ಮೊಟ್ಟೆ, ಗುದ್ದಾಟ. ಒಂದು ವಾರ ಅತ್ತ, ಎರಡನೇ ವಾರ ಗೆಳೆಯನ ಹೆಸರು ಹೇಳಿಕೊಂಡು ಓಡಿದ. ಅಂಗನವಾಡಿ ಅಂದರೆ ಬಡವರದ್ದು ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ ಎಂದು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಇನ್ನು ಇದರ ಖರ್ಚು. ಅದನ್ನು ಕಟ್ಟಿದವಳು ಅಕ್ಕ. ಟಿಇಟಿ 150 ಅಂಕದ ಪರೀಕ್ಷೆ, ಅವಳಿಗೆ 90 ಬೇಕಿತ್ತು. ಹಿಂದಿನ ಸಲ ಬಂದದ್ದು 86. ನಾಲ್ಕು ಅಂಕದ ಹಿಂದೆ ಬಿದ್ದು ಇಡೀ ದಿನ ಓದುತ್ತೇನೆ ಎಂದುಕೊಂಡಿದ್ದವಳು ಮಗನನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡಳು. ಓದುತ್ತಿದ್ದದ್ದು ರಾತ್ರಿ ಅವನು ಮಲಗಿದ ಮೇಲೆ, ಒಂಬತ್ತೂವರೆಯಿಂದ ನಿದ್ದೆ ತಡೆಯುವವರೆಗೆ. ಭಾವ ಮಾಡಿದ್ದು ಭಾನುವಾರದ ಬೈಕು, ನಾನು ಮಾಡಿದ್ದು ಶನಿವಾರದ ಡ್ಯಾಮು. ನಮ್ಮಿಬ್ಬರಿಗೆ ಒಳ್ಳೆ ಹೆಸರು ಬಂತು. ಅವಳಿಗೆ ಓಣಿಯಲ್ಲಿ ಸಿಕ್ಕಿದ್ದು 'ಓದಿದ್ದೂ ಹೋತು, ಹುಡುಗನ್ನೂ ಹಾಳ ಮಾಡಿದ್ಲು' ಎಂಬ ಮಾತು. ಅಕ್ಕನ ಮಾವ ಅವತ್ತು ಕೇಳಿದ ಪ್ರಶ್ನೆ ನನಗೆ ಆಮೇಲಾಮೇಲೆ ಅರ್ಥವಾಯಿತು. ಕಾರಂತರ ಮನೆಯಲ್ಲೂ ಲೀಲಾ ಕಾರಂತರು ಇದ್ದರು. ನನ್ನ ಭಾಷಣದಲ್ಲಿ ಅವರ ಹೆಸರೇ ಬಂದಿರಲಿಲ್ಲ.

ಹಾಗಾಗಿ ಈ ಸಲ ಟಿಇಟಿ ಇದ್ದ ಭಾನುವಾರ ಪುಟ್ಟ ಪೂರ್ತಿ ನನ್ನ ಜವಾಬ್ದಾರಿ ಎಂದೆ. ಹಿಂದಿನ ರಾತ್ರಿಯೇ ಇಬ್ಬರೂ ಕುರುಗೋಡಿಗೆ ಬಂದಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಬಳ್ಳಾರಿ, ಅಕ್ಕನನ್ನು ಸೆಂಟರಿಗೆ ಬಿಟ್ಟು ನಾವು ಆಟೊ ಹಿಡಿದು ಸಂಗನಕಲ್ಲು. ಪುಟ್ಟನನ್ನು ಹಿಂದೊಮ್ಮೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದೆ. ಅಲ್ಲಿ ಕಲ್ಲಿನ ಕೊಡಲಿ ನೋಡಿ 'ಹಿಡಿ ಎಲ್ಲಿ?' ಎಂದು ಕೇಳಿದ್ದ. ಆ ಕೊಡಲಿ ಮಾಡುತ್ತಿದ್ದ ಜಾಗ ತೋರಿಸುತ್ತೇನೆ ಎಂದಿದ್ದೆ. ಸಾವಿರಾರು ವರ್ಷಗಳ ಹಿಂದೆ ನವಶಿಲಾಯುಗದ ಜನ ಇಲ್ಲಿಯ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಬಂಡೆಗಳ ಮೇಲೆ ಎತ್ತುಗಳ ಚಿತ್ರ ಕುಟ್ಟುತ್ತಿದ್ದರು. 1892ರಲ್ಲೇ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಇವುಗಳ ಬಗ್ಗೆ ಬರೆದಿದ್ದಾನೆ. ಬಳ್ಳಾರಿಯಲ್ಲಿ ಓದುವ ನನ್ನ ಕ್ಲಾಸಿನ ಅರ್ಧ ಜನಕ್ಕೆ ಈ ಗುಡ್ಡ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಕೆಲವರು ಪ್ರೇಯಸಿಯ ಹೆಸರು ಗೀಚಿ ಬಂದಿದ್ದಾರೆ.

ಊರಿನ ಹಿರಿಯರೊಬ್ಬರು ಕುಪ್ಪಗಲ್ಲು ಕಡೆಯ ಹಾಡುವ ಬಂಡೆ ತೋರಿಸಿದರು. ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಗುಡಿಯ ಗಂಟೆಯ ಹಾಗೆ ನಾದ. ಪುಟ್ಟ ಬಾಯಿ ಬಿಟ್ಟು ನಿಂತ. ಪಕ್ಕದ ಬಂಡೆ ತಟ್ಟಿದ, ಬರೀ 'ಟಪ್'.

'ಇದು ಯಾಕ ಹಾಡತೈತಿ? ಅದು ಯಾಕ ಹಾಡಂಗಿಲ್ಲ?'

ನ್ಯಾಚುರಲ್ ಫ್ರೀಕ್ವೆನ್ಸಿ ಎಂಬ ಪದ ಬಾಯಿಗೆ ಬಂತು, ನುಂಗಿಕೊಂಡೆ. ಅಕ್ಕ ಕಟ್ಟಿಕೊಟ್ಟಿದ್ದ ಬುತ್ತಿಯ ಸ್ಟೀಲ್ ತಟ್ಟೆಯನ್ನು ನನ್ನ ಬೆರಳ ತುದಿಯ ಮೇಲೆ ನಿಲ್ಲಿಸಿ, ಚಮಚದಿಂದ ಬಾರಿಸು ಎಂದೆ. ಠಣ್ ಎಂದಿತು. ಅದೇ ತಟ್ಟೆಯನ್ನು ಎದೆಗೆ ಅವುಚಿ ಹಿಡಿದೆ. ಸದ್ದಿಲ್ಲ. ಪುಟ್ಟ ಮಂಡಿಯೂರಿ ಹಾಡುವ ಬಂಡೆಯ ಕೆಳಗೆ ಇಣುಕಿ, 'ಇದು ಬೆರಳ ಮ್ಯಾಲೆ ಕುಂತೈತಿ ಮಾಮಾ' ಎಂದು ಕೂಗಿದ. ನಾಲ್ಕೇ ಕಡೆ ತಾಗಿ ಕೂತಿತ್ತು ಬಂಡೆ. ಪಕ್ಕದ್ದು ಅರ್ಧ ಮಣ್ಣಿನಲ್ಲಿ ಹೂತಿತ್ತು. ವೈಬ್ರೇಶನ್ಸ್‌ನಲ್ಲಿ ಇದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ನನಗೆ ಕಾಲೇಜಿನಲ್ಲಿ ಸಿಕ್ಕಿಲ್ಲ.

ಹನ್ನೆರಡೂವರೆಗೆ ಸೆಂಟರಿನ ಗೇಟಿನ ಹೊರಗೆ ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದೆವು. ಅಕ್ಕ ಬಂದಳು. ಪೇಪರ್ ಹೇಗಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪುಟ್ಟ ಅವಳ ಸೆರಗು ಜಗ್ಗಿ, ಕಲ್ಲು ಹಾಡುವ ಕಥೆಯನ್ನು ಬಸ್‌ಸ್ಟ್ಯಾಂಡ್ ಬರುವವರೆಗೂ ಹೇಳಿದ. ಸಿರುಗುಪ್ಪದ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಅವಳು, 'ಮಕ್ಕಳ ವಿಕಾಸದ ಭಾಗ ಚಲೋ ಆತು. ಗಣಿತದಾಗ ಟೈಮ್ ಸಾಲಲಿಲ್ಲ' ಎಂದಳು.

ಇದನ್ನು ಬರೆಯುವ ಹೊತ್ತಿಗೆ ರಿಸಲ್ಟ್ ಬಂದಿಲ್ಲ. ಜೂನ್‌ಗೆ ಪುಟ್ಟನಿಗೆ ಆರು ದಾಟಿರುತ್ತದೆ, ಓಣಿಯ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚುವುದು ಎಂದಾಗಿದೆ. ಅಕ್ಕ ಈಗಲೇ ಒಮ್ಮೆ ಹೋಗಿ ಅಲ್ಲಿಯ ಮೇಡಂಗೆ ಅವನ ಎಡಗೈ ವಿಷಯ ಹೇಳಿ ಬಂದಿದ್ದಾಳೆ. ಅವರು ನಕ್ಕು ತಮ್ಮ ಎಡಗೈ ಎತ್ತಿ ತೋರಿಸಿದರಂತೆ, ಅದರಲ್ಲಿ ಸೀಮೆಸುಣ್ಣ ಇತ್ತಂತೆ.