ಕಬ್ಬಿನ ಸೀಮೆಗೊಂದು ಶಾಯಿ ಪೆನ್ನು

ಶಾಯಿ ಪೆನ್ನಿನ ಮಾತು ಬಂದರೆ ಅದು ಈಗ ಎರಡೇ ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ ಚಿನ್ನದ ನಿಬ್ಬು, ಮಖಮಲ್ಲಿನ ಪೆಟ್ಟಿಗೆ, ಸಾವಿರಗಟ್ಟಲೆ ಬೆಲೆ. ಇನ್ನೊಂದರಲ್ಲಿ ಶಾಲೆಯ ದಿನಗಳು, ಕಿಸೆಯಲ್ಲಿ ನೀಲಿ ಕಲೆ ಬಿದ್ದ ಬಿಳಿ ಅಂಗಿ. ಸಂಗ್ರಹಕಾರರ ಪ್ರೀತಿಯೂ ನೆನಪಿನ ಪ್ರೀತಿಯೂ ನಿಜವೇ, ಆದರೆ ಎರಡೂ ಪೆನ್ನನ್ನು ದಿನದ ಕೆಲಸದಿಂದ ಎತ್ತಿ ಕಪಾಟಿನಲ್ಲಿ ಇಡುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಕೈಬರಹ ಇನ್ನೂ ದುಡಿಮೆಯ ಭಾಗವಾಗಿದೆ. ಮಕ್ಕಳ ನೋಟುಬುಕ್ಕು, ಮಾಸ್ತರರ ಪಾಠ ಟಿಪ್ಪಣಿ, ಬೆಲ್ಲದ ಅಡತಿ ಅಂಗಡಿಯ ಕಿರ್ದಿ, ನೇಕಾರರ ನೂಲಿನ ಲೆಕ್ಕ, ವಕೀಲರ ಕರಡು, ಕಚೇರಿಯ ಅರ್ಜಿ ಎಲ್ಲವೂ ಕೈಯಿಂದಲೇ ಹೊರಡುತ್ತವೆ. ಇಷ್ಟು ಬರೆಯುವ ಸೀಮೆಯಲ್ಲಿ ನೂರು ರೂಪಾಯಿಯೊಳಗೆ ಕೊಳ್ಳಬಹುದಾದ, ವರ್ಷಗಟ್ಟಲೆ ಬಾಳುವ, ಕೈಗೆ ನೋವು ಕೊಡದ ಸಾಧನವೊಂದು ಮೂಲೆ ಸೇರಿದ್ದು ನಷ್ಟವೇ. ಆ ನಷ್ಟ ತುಂಬಿಕೊಳ್ಳುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ಈ ಅಗ್ಗದ ಪೆನ್ನಿನ ಹಿಂದೆ ಒಂದು ದೊಡ್ಡ ಕಥೆಯಿದೆ. ಅದು ಗೋದಾವರಿ ದಂಡೆಯ ರಾಜಮಹೇಂದ್ರಿಯದು. ಕೋಸೂರಿ ವೆಂಕಟರತ್ನಂ ಲೋಹದ ಸೂಕ್ಷ್ಮ ಕೆಲಸ ಬಲ್ಲ ಕುಶಲಕರ್ಮಿ. ಆ ಊರಿನವರು ಹೇಳುವಂತೆ 1921ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡು, ಸ್ವದೇಶಿಗಾಗಿ ತಾನೇನು ಮಾಡಲಿ ಎಂದು ಕೇಳಿದರು. ಗುಂಡುಸೂಜಿಯಿಂದ ಪೆನ್ನಿನವರೆಗೆ ಜನರಿಗೆ ನಿತ್ಯ ಬೇಕಾಗುವ ಯಾವುದಾದರೂ ವಸ್ತು ಮಾಡು ಎಂಬ ಉತ್ತರ ಬಂತು. ರತ್ನಂ ಪೆನ್ನನ್ನು ಆರಿಸಿಕೊಂಡರು. 1932ರಲ್ಲಿ ಕಾರ್ಖಾನೆ ಆರಂಭವಾಯಿತು. ಆದರೆ ಗಾಂಧೀಜಿಗೆ ಕಳಿಸಿದ ಮೊದಲ ಪೆನ್ನು ಒಪ್ಪಿಗೆಯಾಗಲಿಲ್ಲ, ಅದರ ಕೆಲವು ಭಾಗಗಳು ಪರದೇಶದವು ಎಂಬುದೇ ಆಕ್ಷೇಪ ಎನ್ನುತ್ತಾರೆ. ರತ್ನಂ ಮತ್ತೆ ಕೂತರು. ಕೊನೆಗೆ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಜೆ.ಸಿ. ಕುಮಾರಪ್ಪನವರ ಮೂಲಕ ತಲುಪಿದ ಪೆನ್ನನ್ನು ಗಾಂಧೀಜಿ ಬಳಸಿ ನೋಡಿ, 1935ರ ಜುಲೈನಲ್ಲಿ ಕೃತಜ್ಞತೆಯ ಪತ್ರ ಬರೆದರು. ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿಯಂತೆ ಕಾಣುತ್ತದೆ ಎಂಬುದು ಆ ಪತ್ರದ ತಾತ್ಪರ್ಯ. ಈ ಪ್ರಸಂಗದಲ್ಲಿ ಗಾಂಧೀಜಿಯ ಹೆಸರಿಗಿಂತ ಹೆಚ್ಚಿನ ತೂಕ ಅವರು ಇಟ್ಟ ಪರೀಕ್ಷೆಗೆ ಕೊಡಬೇಕು. ಕೊಡುಗೆಯಾಗಿ ಬಂದದ್ದನ್ನು ಅವರು ಸುಮ್ಮನೆ ಹೊಗಳಲಿಲ್ಲ. ಪೆನ್ನು ಬರೆಯಬೇಕು, ಇಲ್ಲಿಯದೇ ಆಗಿರಬೇಕು, ಪೇಟೆಯ ಪೆನ್ನಿಗೆ ಸರಿಸಮ ನಿಲ್ಲಬೇಕು, ಮೂರೂ ಆಗಬೇಕಿತ್ತು. ಬಳಸುವವನ ಕೈಯಲ್ಲಿ ಗೆಲ್ಲದ ಸ್ವದೇಶಿ ಬಹುಕಾಲ ಉಳಿಯಲಾರದು ಎಂಬ ಎಚ್ಚರ ಅದರಲ್ಲಿದೆ. ಅದೇ ಕಾಲದಲ್ಲಿ ಮುಂಬಯಿಯಲ್ಲಿ ದಾಂಡೇಕರ್ ಸೋದರರು 1931ರಲ್ಲಿ ಶಾಯಿಪುಡಿ ಮಾಡತೊಡಗಿದರು, ಅದೇ ಮುಂದೆ ಕ್ಯಾಮ್ಲಿನ್ ಆಯಿತು. ಬಂಗಾಳದಲ್ಲಿ ಮೈತ್ರ ಸೋದರರ ಸುಲೇಖಾ ಶಾಯಿ 1934ರಲ್ಲಿ ಬಂತು. ಪೆನ್ನು, ಶಾಯಿ ಎರಡೂ ಒಂದೇ ಚಳವಳಿಯ ಕೂಸುಗಳು.

ಆ ಚಳವಳಿಯ ಇನ್ನೊಂದು ಕೂಸನ್ನು ನಮ್ಮ ಜಿಲ್ಲೆ ಚೆನ್ನಾಗಿ ಬಲ್ಲದು. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ, ಅದು ಧ್ವಜವಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಖಾದಿಗೆ ಸ್ವಾತಂತ್ರ್ಯದ ನಂತರ ಆಯೋಗ ಬಂತು, ಸಂಘಗಳು ಬಂದವು, ರಿಯಾಯಿತಿ, ಮಾರಾಟ ಮಳಿಗೆ, ಗುಣಮಟ್ಟದ ಮುದ್ರೆ ಎಲ್ಲ ಬಂದವು. ರಬಕವಿ-ಬನಹಟ್ಟಿಯವರು ಬಲ್ಲ ಕೈಮಗ್ಗಕ್ಕೂ 1985ರಲ್ಲಿ ಸಂಸತ್ತು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟು ಕಾನೂನು ಮಾಡಿತು. ಅಷ್ಟೆಲ್ಲ ಆಸರೆಯಿದ್ದೂ ಕೈಮಗ್ಗ ವಿದ್ಯುತ್ ಮಗ್ಗದೆದುರು ಎಷ್ಟು ಸೊರಗಿತೆಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಶಾಯಿ ಪೆನ್ನಿಗಂತೂ ಆ ಬಗೆಯ ಆಸರೆ ಸಿಗಲೇ ಇಲ್ಲ. ಆಮದಿಗೆ ಇದ್ದ ಬಿಗಿಯಿಂದ ಕೆಲವು ದಶಕ ದೇಶಿ ಪೆನ್ನುಗಳು ಬಾಳಿದವು. ಹಂಗೇರಿಯ ಲಾಸ್ಲೋ ಬೀರೋ 1938ರಲ್ಲಿ ಪೇಟೆಂಟ್ ಪಡೆದ ಬಾಲ್‌ಪೆನ್ನು ಮೆಲ್ಲಗೆ ಬಂದು, 1980ರ ದಶಕದಲ್ಲಿ ರೆನಾಲ್ಡ್ಸ್‌ನ ನೀಲಿ ಟೊಪ್ಪಿಗೆಯ ಬಿಳಿ ಪೆನ್ನು ಊರೂರಿಗೆ ಹರಡಿದ ಮೇಲೆ ಶಾಯಿ ಪೆನ್ನಿನ ಪೇಟೆ ಕುಸಿಯಿತು. 1980ರ ದಶಕದ ಕೊನೆಗೆ ಸುಲೇಖಾ ಕಾರ್ಖಾನೆ ಬಾಗಿಲು ಹಾಕಿತು. ಅದರ ಶಾಯಿ ಮತ್ತೆ ಪೇಟೆಗೆ ಬಂದದ್ದು 2020ರಲ್ಲಿ. ಮಧ್ಯದಲ್ಲಿ ಒಂದು ಇಡೀ ತಲೆಮಾರು ಶಾಯಿ ತುಂಬುವುದನ್ನು ಕಲಿಯದೆ ಬೆಳೆಯಿತು.

ಪೆನ್ನು ತಯಾರಾಗುವ ಬಗೆ ಸರಳ. ಹಳೆಯ ಪದ್ಧತಿಯ ಪೆನ್ನಿನ ಮೈ ಎಬೊನೈಟಿನದು, ಅಂದರೆ ಗಂಧಕವನ್ನು ಹೆಚ್ಚಾಗಿ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು. ಅದರ ಸರಳನ್ನು ಲೇಥಿಗೆ ಕಟ್ಟಿ, ಒಳಗೆ ಕೊರೆದು, ಹೊರಗೆ ಕಡೆದು, ತಿರುಪಿನ ಗೆರೆ ಹಾಕಿ, ಕೊನೆಗೆ ಉಜ್ಜಿ ಹೊಳಪು ಕೊಡುತ್ತಾರೆ. ಹೆಚ್ಚಿನ ಚಾತುರ್ಯ ಇರುವುದು ಮೂತಿಯಲ್ಲಿ. ನಿಬ್ಬಿನ ಸೀಳು ಕೂದಲಿನಷ್ಟು ಸಣ್ಣದು, ಶಾಯಿ ತನ್ನಷ್ಟಕ್ಕೆ ಅದರಲ್ಲಿ ಎಳೆದುಕೊಳ್ಳುತ್ತದೆ. ನಿಬ್ಬಿನ ಕೆಳಗಿನ ಫೀಡಿನಲ್ಲಿ ಶಾಯಿ ಇಳಿಯುವ ಕಾಲುವೆಯೂ ಇದೆ, ಇಳಿದಷ್ಟೇ ಗಾಳಿ ಒಳಗೆ ಏರುವ ದಾರಿಯೂ ಇದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಎರಡು ಓಡಾಟಗಳನ್ನು ಹದದಲ್ಲಿ ಇಡುವ ಉಪಾಯಕ್ಕೇ. ಇಂದಿನ ಎಪ್ಪತ್ತು ಎಂಬತ್ತು ರೂಪಾಯಿಯ ಪ್ಲಾಸ್ಟಿಕ್ ಪೆನ್ನಿನಲ್ಲೂ ಅದೇ ತತ್ವ ದುಡಿಯುತ್ತಿದೆ. ಶಾಯಿ ತಾನಾಗಿ ಇಳಿಯುವುದರಿಂದ ಒತ್ತುವ ಅಗತ್ಯವಿಲ್ಲ. ಬಾಲ್‌ಪೆನ್ನಿನಲ್ಲಿ ಹಾಗಲ್ಲ, ಎಣ್ಣೆಯಂಥ ದಪ್ಪ ಶಾಯಿ ಹೊರಬರಬೇಕಾದರೆ ಗುಂಡು ಉರುಳಬೇಕು, ಉರುಳಬೇಕಾದರೆ ಒತ್ತಬೇಕು. ಮೂರು ಗಂಟೆ ಪರೀಕ್ಷೆ ಬರೆದ ಮಕ್ಕಳು ಬೆರಳು ಕೊಡವುವುದಕ್ಕೆ ಈ ಒತ್ತಡವೂ ಒಂದು ಕಾರಣ. ಒಳ್ಳೆಯ ಪೆನ್ನಿನಿಂದ ಅಕ್ಷರ ತಾನೇ ಸುಂದರವಾಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಆದರೆ ಒತ್ತಿದರೆ ನಿಬ್ಬು ಕವಲೊಡೆಯುತ್ತದೆ ಎಂಬ ಭಯದಿಂದಲೇ ಕೈ ಹಗುರಾಗುವುದನ್ನು ಕಲಿಯುತ್ತದೆ, ಹಗುರಾದ ಕೈಗೆ ಅಕ್ಷರ ತಿದ್ದುವುದು ಸುಲಭ.

ಕನ್ನಡಕ್ಕೆ ಯಾವ ನಿಬ್ಬು ಎಂಬ ಪ್ರಶ್ನೆಗೆ ಇಂಗ್ಲಿಷಿನ ಪೆನ್ನು ಪುಸ್ತಕಗಳಲ್ಲಿ ಉತ್ತರವಿಲ್ಲ. ಮುಧೋಳ ರನ್ನನ ಊರು. ಅವನ ಕಾಲದಲ್ಲಿ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು ಆಮೇಲೆ ಮಸಿ ತುಂಬುತ್ತಿದ್ದರು. ಗರಿ ಸೀಳದಂತೆ ದುಂಡಗೆ ತಿರುವಿದ ಅಕ್ಷರಗಳೇ ನಮಗೆ ಬಂದಿವೆ ಎನ್ನುತ್ತಾರೆ. ಈ ದುಂಡು ಅಕ್ಷರಗಳಲ್ಲಿ ಕೈ ಕೆಳಮುಖವಾಗಿ ಎಳೆಯುವಷ್ಟೇ ಮೇಲ್ಮುಖವಾಗಿಯೂ ತಳ್ಳುತ್ತದೆ. ತಳ್ಳುವಾಗಲೇ ಒರಟು ನಿಬ್ಬು ಕಾಗದವನ್ನು ಕೆರೆಯುವುದು. ಆದ್ದರಿಂದ ಕೊಳ್ಳುವ ಮುನ್ನ ಗೆರೆ ಎಳೆದು ನೋಡಿದರೆ ಸಾಲದು, ‘ಈ’ ‘ಞ’ ಬರೆದು ನೋಡಬೇಕು. ನೋಡಬೇಕಾದ ಎರಡನೆಯ ಸಂಗತಿ ಒತ್ತಕ್ಷರ. ‘ರಾಷ್ಟ್ರ’ ‘ಶಾಸ್ತ್ರ’ ಎಂದು ಬರೆಯುವಾಗ ಅಕ್ಷರದ ಕೆಳಗೆ ಎರಡೆರಡು ಒತ್ತುಗಳು ಚಿಕ್ಕ ಜಾಗದಲ್ಲಿ ಕೂರಬೇಕು. ದಪ್ಪ ನಿಬ್ಬಿನಲ್ಲಿ ಅವುಗಳ ಹೊಟ್ಟೆ ಶಾಯಿಯಿಂದ ತುಂಬಿ ಚುಕ್ಕೆಯಾಗುತ್ತದೆ. ಹಾಗಾಗಿ ಕನ್ನಡ ಬರೆಯುವವರು ಸಣ್ಣ ಗೆರೆಯ ನಿಬ್ಬನ್ನೇ ಕೇಳಿ ಪಡೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಗ್ಗದ ದೇಶಿ ಪೆನ್ನುಗಳಲ್ಲೂ ಚೀನಾದ ಹೀರೋ ಪೆನ್ನುಗಳಲ್ಲೂ ಸಾಮಾನ್ಯವಾಗಿ ಸಿಗುವುದು ಅಂಥ ನಿಬ್ಬೇ. ನಮಗೆ ಬೇಕಾದದ್ದು ಕಡಿಮೆ ಬೆಲೆಯಲ್ಲೇ ಇದೆ, ದುಬಾರಿಯ ಹಿಂದೆ ಹೋಗುವ ಕಾರಣವೇ ಇಲ್ಲ.

ಲೆಕ್ಕ ಹೀಗೆ. ಫಿಲ್ಲರಿನಿಂದ ಹೊಟ್ಟೆಗೇ ಶಾಯಿ ತುಂಬುವ ಪೆನ್ನು ಸುಮಾರು ಎರಡೂವರೆ ಮಿಲಿ ಲೀಟರ್ ಹಿಡಿಯುತ್ತದೆ. 60 ಮಿಲಿಯ ಒಂದು ದೌತಿ ಇಪ್ಪತ್ತನಾಲ್ಕು ಸಲ ತುಂಬಲು ಸಾಕು. ಒಂದು ತುಂಬು ಎರಡು ವಾರ ಬಂದರೆ ಶಾಲೆಯ ಒಂದು ವರ್ಷ ಒಂದೇ ದೌತಿಯಲ್ಲಿ ಕಳೆಯುತ್ತದೆ. ಹತ್ತು ರೂಪಾಯಿಯ ಬಾಲ್‌ಪೆನ್ನು ತಿಂಗಳಿಗೆ ಎರಡು ಎಂದು ಹಿಡಿದರೂ ಹತ್ತು ತಿಂಗಳಿಗೆ ಇನ್ನೂರು ರೂಪಾಯಿ, ವರ್ಷದ ಕೊನೆಗೆ ತಿಪ್ಪೆಗೆ ಇಪ್ಪತ್ತು ಪ್ಲಾಸ್ಟಿಕ್ ಕೊಳವೆ. ಶಾಯಿ ಪೆನ್ನು ಮೊದಲ ವರ್ಷ ಹೆಚ್ಚುಕಡಿಮೆ ಸರಿಸಮ ಬಿದ್ದು ಎರಡನೆಯ ವರ್ಷದಿಂದ ಉಳಿತಾಯಕ್ಕೆ ಬರುತ್ತದೆ. ಬಾಲ್‌ಪೆನ್ನಿಗೆ ರಿಫಿಲ್ಲು ಹಾಕಿದರೂ ಆಯಿತಲ್ಲ ಎಂದು ಕೇಳಬಹುದು. ಹಾಕಿದರೆ ಒಳ್ಳೆಯದೇ, ಆದರೆ ಪೆನ್ನಿಗೂ ರಿಫಿಲ್ಲಿಗೂ ಬೆಲೆಯಲ್ಲಿ ಅಂತರ ಅಷ್ಟಿಲ್ಲದ್ದರಿಂದ ಕೊಳ್ಳುವವರು ಹೊಸದನ್ನೇ ಕೊಳ್ಳುತ್ತಾರೆ.

ನಮ್ಮ ಬಿಸಿಲಿಗೆ ಶಾಯಿ ಪೆನ್ನು ಸೋರುತ್ತದೆ ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಅದನ್ನು ಗಂಭೀರವಾಗಿ ಪರಿಶೀಲಿಸಬೇಕು. ಸೋರುವುದು ಶಾಯಿಯ ತಪ್ಪಲ್ಲ, ಅದರ ಮೇಲೆ ಇರುವ ಗಾಳಿಯದು. ಕೋಣೆಯ ಬಿಸಿಯಲ್ಲಿ ಒಂದು ಡಿಗ್ರಿ ಏರಿದರೆ ಗಾಳಿ ತನ್ನ ಮುನ್ನೂರರಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಮುಕ್ಕಾಲು ಖಾಲಿಯಾದ ಪೆನ್ನಿನಲ್ಲಿ ಎರಡು ಮಿಲಿ ಗಾಳಿಯಿದ್ದು, ಕೈಯ ಕಾವಿನಿಂದ ಅದು ಹತ್ತು ಡಿಗ್ರಿ ಬೆಚ್ಚಗಾದರೆ ಹೊರಗೆ ದೂಡುವ ಶಾಯಿ ಹೆಚ್ಚುಕಡಿಮೆ ಒಂದು ಹನಿ. ಪುಟದ ಮೇಲೆ ಬೀಳುವುದು ಆ ಹನಿಯೇ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಜಮಖಂಡಿಯ ಕೋಣೆಯೇ ನಮ್ಮ ಅಂಗೈಯಷ್ಟು ಬಿಸಿಯಿರುತ್ತದೆ, ಆಗ ಕೈ ಪೆನ್ನನ್ನು ಇನ್ನಷ್ಟು ಕಾಯಿಸುವುದಿಲ್ಲ. ಹನಿ ಬೀಳುವ ಸಂಭವ ಹೆಚ್ಚಿರುವುದು ಮಾಗಿಯ ಬೆಳಗಿನಲ್ಲಿ, ತಣ್ಣಗಿನ ಪೆನ್ನನ್ನು ಬೆಚ್ಚಗಿನ ಕೈ ಹಿಡಿದಾಗ. ಬೇಸಿಗೆಯಲ್ಲಿ ಅಪಾಯವಿರುವುದು ತಂಪು ಮನೆಯಿಂದ ಬಿಸಿಲಿಗೆ ಹೊರಟ ಕಿಸೆಗೆ ಮಾತ್ರ. ಅಲ್ಲಿ ನಿಬ್ಬು ಮೇಲೆ ಮಾಡಿ ಸಿಕ್ಕಿಸಿದರೆ ಹಿಗ್ಗಿದ ಗಾಳಿ ಶಾಯಿಯನ್ನು ತಳ್ಳದೆ ಹೊರಗೆ ಹೋಗುತ್ತದೆ. ಪೆನ್ನು ಅರ್ಧಕ್ಕೆ ಇಳಿದಾಗಲೇ ತುಂಬಿಬಿಟ್ಟರೆ ಗಾಳಿಗೆ ಜಾಗವೂ ಕಡಿಮೆ. ಒಣಗುವ ದೂರಿಗೆ ಮಾತ್ರ ನಮ್ಮ ಬೇಸಿಗೆಯೇ ಹೊಣೆ. ಮೂತಿಯನ್ನು ಮುಚ್ಚಿದ ಹೀರೋ ಬಗೆಯ ಪೆನ್ನು, 1941ರ ಪಾರ್ಕರ್ 51ರಿಂದ ಬಂದ ಆ ಕಲ್ಪನೆ, ಇಲ್ಲಿಯ ಒಣ ಹವೆಗೆ ಹೆಚ್ಚು ಹೊಂದುತ್ತದೆ. ಪೂರ್ತಿ ಒಣಗಿದರೂ ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಶಾಯಿ ಪೆನ್ನು ಮರಳಿ ಬರೆಯುತ್ತದೆ.

ಇನ್ನು ಕೆಲವು ಆಕ್ಷೇಪಗಳಿಗೆ ಸೋಲೊಪ್ಪಲೇಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಕೃಷ್ಣೆಯರು ಉಕ್ಕಿ ಮುಧೋಳ, ಜಮಖಂಡಿ ತಾಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿತು. ಮಕ್ಕಳ ಅಂಗಿಯಿಂದ ತೊಳೆದುಹೋಗಲೆಂದೇ ಮಾಡಿದ ನೀಲಿ ಶಾಯಿ ಅಂಥ ನೀರಿನಲ್ಲಿ ಕಾಗದದಿಂದಲೂ ತೊಳೆದುಹೋಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಹೊಲ ಮನೆ ಕೊಟ್ಟ ಬೀಳಗಿಯ ಕುಟುಂಬಗಳಿಗೆ ಒಂದು ಉತಾರ, ಒಂದು ಪಾವತಿಯ ಬೆಲೆ ಏನೆಂದು ಗೊತ್ತು. ಅಂಥ ಪತ್ರಗಳಿಗೆ ನೀರಿಗೆ ಬಗ್ಗದ ಶಾಯಿ ಬೇಕು, ಇಲ್ಲವೇ ಬಾಲ್‌ಪೆನ್ನೇ ಆಗಬೇಕು. ಕಾರ್ಬನ್ ಇಟ್ಟು ಎರಡು ಪ್ರತಿ ತೆಗೆಯುವ ರಸೀದಿ ಪುಸ್ತಕಕ್ಕೂ ಶಾಯಿ ಪೆನ್ನು ಆಗದು. ಮಗ್ಗದ ಮಗ್ಗುಲಲ್ಲಿ ಅದನ್ನು ತೆರೆಯಲೂ ಬಾರದು, ಹಾಸಿನ ಮೇಲೆ ಒಂದು ಹನಿ ಬಿದ್ದರೆ ಸೀರೆಯೊಂದರ ದುಡಿಮೆ ಹೋಯಿತು. ಆದರೆ ಇವೆಲ್ಲ ಬರಹದ ಸಣ್ಣ ಪಾಲು. ದಿನದ ಹೆಚ್ಚಿನ ಬರಹ ನೋಟುಬುಕ್ಕು, ಟಿಪ್ಪಣಿ, ಕರಡು, ಪತ್ರಗಳದು. ಬಾಲ್‌ಪೆನ್ನನ್ನು ಮನೆಯಿಂದ ಓಡಿಸಬೇಕೆಂದು ಯಾರೂ ಹೇಳುತ್ತಿಲ್ಲ, ಅದರದಲ್ಲದ ಕೆಲಸವನ್ನೂ ಅದರ ಮೇಲೆ ಹೇರಬಾರದು ಅಷ್ಟೇ. ಕೇರಳದ ಹಸಿರು ಅಭಿಯಾನ ಬಳಸಿ ಬಿಸಾಡಿದ ಪೆನ್ನುಗಳನ್ನು ಶಾಲೆಗಳಲ್ಲಿ ಕೂಡಿಸಿ, ಮಕ್ಕಳನ್ನು ಶಾಯಿ ಪೆನ್ನಿನ ಕಡೆಗೆ ತಿರುಗಿಸಲು ಯತ್ನಿಸಿದ್ದಿದೆ. ನಮ್ಮ ಶಾಲೆಗಳೂ ಶಿಕ್ಷಕರ ಮೇಜಿನ ಮೇಲೆ ಒಂದು ದೊಡ್ಡ ದೌತಿ, ಒಂದು ಫಿಲ್ಲರ್ ಇಟ್ಟು ಆರಂಭಿಸಬಹುದು.

ಶಾಯಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಬ್ರಿಲ್ ಶಾಯಿ ಬೆಂಗಳೂರಿನದು. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯೇ 1962ರಿಂದ ಇಡೀ ದೇಶದ ಮತದಾರರ ಬೆರಳಿಗೆ ಅಳಿಸದ ಶಾಯಿ ಕೊಡುತ್ತಿದೆ. ಕೊರತೆಯಿರುವುದು ಕಾಗದದ್ದು. ಶಾಯಿ ಹರಡುವುದೂ ಹಿಂಬದಿಗೆ ಇಣುಕುವುದೂ ಕಾಗದದ ದಪ್ಪಕ್ಕಿಂತ ಅದಕ್ಕೆ ಕೊಟ್ಟ ಗಂಜಿಯಂಥ ಲೇಪದ ಮೇಲೆ ನಿಂತಿದೆ. ಕಬ್ಬಿನ ಸಿಪ್ಪೆಯಿಂದ, ಅಂದರೆ ಬಗಾಸಿನಿಂದ, ಚೆನ್ನಾಗಿ ಮಾಡಿದ ಕಾಗದ ಶಾಯಿಯನ್ನು ಹರಡದೆ ಹಿಡಿಯುತ್ತದೆ. ಆ ಸಿಪ್ಪೆ ಮುಧೋಳ, ಜಮಖಂಡಿಯಲ್ಲಿ ರಾಶಿ ರಾಶಿ ಇದೆ. ಅದು ಕಾರ್ಖಾನೆಯ ಬಾಯ್ಲರಿಗೆ ಹೋಗಿ ಕರೆಂಟಾಗುತ್ತದೆ, ಗಾಣದಲ್ಲಾದರೆ ಕೊಪ್ಪರಿಗೆಯ ಕೆಳಗೆ ಉರಿಯಾಗುತ್ತದೆ. ಅದೂ ವ್ಯರ್ಥವಲ್ಲ. ಆದರೆ ತಮಿಳುನಾಡಿನ ಕರೂರು ಜಿಲ್ಲೆಯಲ್ಲಿ ಸರ್ಕಾರಿ ಕಾರ್ಖಾನೆಯೊಂದು 1980ರ ದಶಕದಿಂದ ಇದೇ ಸಿಪ್ಪೆಯಿಂದ ಬರೆಯುವ ಕಾಗದ ಮಾಡುತ್ತಿದೆ. ನಮ್ಮಲ್ಲಿ ಆ ದಾರಿ ಬಲ್ಲದ್ದು ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಅದರ ಯಂತ್ರಗಳು 2015ರ ಹೊತ್ತಿಗೆ ನಿಂತವು. ಇಲ್ಲಿಯ ಕಬ್ಬು ಇಲ್ಲಿಯ ಮಕ್ಕಳ ಪುಟವಾಗುವವರೆಗೆ ಬನಹಟ್ಟಿಯ ಹುಡುಗಿ ಹೊರಗಿನ ನೋಟುಬುಕ್ಕುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕು. ಅಂಗಡಿಯಲ್ಲಿ ಕೊನೆಯ ಪುಟದ ಮೂಲೆಗೆ ‘ರಾಷ್ಟ್ರ’ ಎಂದು ಬರೆದು, ಒತ್ತುಗಳು ಬಿಡಿಬಿಡಿಯಾಗಿ ನಿಂತಿವೆಯೇ, ಹಿಂಬದಿಗೆ ಇಳಿದಿವೆಯೇ ಎಂದು ತಿರುಗಿಸಿ ನೋಡಿದರೆ ಆಯಿತು.